ಶಿವಗುಣ ವಿಚಾರ: ಪ್ರಕೃತಿಯ ಸಾಕ್ಷ್ಯ, ಶಾಸ್ತ್ರದ ಸಾಕ್ಷ್ಯ

ಅರಿವಿಗೆ ಸಾಧನವಾದುದನ್ನು ಪ್ರಾಚೀನರು ಪ್ರಮಾಣವೆಂದು ಕರೆದರು. ಕಣ್ಣೆದುರಿನ ವಸ್ತುವಿಗೆ ಪ್ರತ್ಯಕ್ಷ, ಹೊಗೆಯಿಂದ ಬೆಂಕಿಯನ್ನು ಊಹಿಸುವಲ್ಲಿ ಅನುಮಾನ, ಇವೆರಡೂ ಮುಟ್ಟಲಾರದೆಡೆ ಶಬ್ದ. ಪರಮಾತ್ಮನ ವಿಚಾರದಲ್ಲಿ ಮೊದಲಿನೆರಡಕ್ಕೆ ಪ್ರಕೃತಿಯೇ ಕ್ಷೇತ್ರ. ಮೂರನೆಯದಕ್ಕೆ ಶಾಸ್ತ್ರವೂ ಅನುಭಾವಿಗಳ ವಾಣಿಯೂ ಆಧಾರ. ಬ್ರಹ್ಮಸೂತ್ರಗಳಲ್ಲಿಯೂ ಎರಡನೆಯ ಸೂತ್ರ ಜಗತ್ತಿನ ಹುಟ್ಟು ಮೊದಲಾದವುಗಳಿಂದ ಬ್ರಹ್ಮವನ್ನು ಗುರುತಿಸಿದರೆ, ಮೂರನೆಯದು ಶಾಸ್ತ್ರದತ್ತ ಕೈತೋರುತ್ತದೆ. ಈ ಎರಡು ಸಾಕ್ಷಿಗಳು ಒಂದೇ ಮಾತನ್ನು ನುಡಿಯುತ್ತವೆಯೇ? ಒಂದು ಮೌನ ತಾಳಿದೆಡೆ ಇನ್ನೊಂದು ಹೇಳುವುದೇನು? ಬಳ್ಳಾರಿ ಸೀಮೆಯ ನೆಲದ ಮೇಲೆ ನಿಂತು ಇದನ್ನು ವಿಚಾರಿಸುವುದು ಉಚಿತವಾಗಿದೆ.

ಆಂಗ್ಲರ ಕಾಲದ ಹೆಸರನ್ನು ಇಂದಿಗೂ ಹೊತ್ತಿರುವ ಬ್ರೂಸ್‌ಪೇಟೆಯ ಮಕ್ಕಳಿಗೆ ಬಳ್ಳಾರಿಯ ಕೋಟೆಬೆಟ್ಟವೇ ಪ್ರಕೃತಿಯ ಮೊದಲ ಪಾಠ. ಈ ಭಾಗದ ಗ್ರಾನೈಟು ಶಿಲೆಗಳಿಗೆ ಸುಮಾರು 250 ಕೋಟಿ ವರ್ಷಗಳ ವಯಸ್ಸನ್ನು ಭೂವಿಜ್ಞಾನಿಗಳು ಗಣಿಸಿದ್ದಾರೆ. ಬೆಟ್ಟದ ಮೇಲೆ ಪಾಳೆಯಗಾರ ಹನುಮಪ್ಪನಾಯಕನ ಕೋಟೆ, ಬುಡದಲ್ಲಿ ಹೈದರನ ಕಾಲದ ಕೋಟೆ. ಆಳಿದವರೆಲ್ಲರೂ ಅಳಿದರು, ಬಂಡೆ ಉಳಿಯಿತು. ಕುರುಗೋಡಿನಲ್ಲಿ ಅಂತಹುದೇ ಕಲ್ಲು ಶಿಲ್ಪಿಯ ಉಳಿಗೆ ಮಣಿದು ದೊಡ್ಡಬಸವೇಶ್ವರನಾಗಿ ಕುಳಿತಿದೆ. ಕಾರ್ಯವಿದ್ದೆಡೆ ಕರ್ತನಿರಬೇಕು, ಮಡಕೆಯಿದ್ದೆಡೆ ಕುಂಬಾರನಿರಬೇಕು ಎಂಬುದು ನೈಯಾಯಿಕರ ಅನುಮಾನ. ಹತ್ತನೆಯ ಶತಮಾನದ ಉದಯನಾಚಾರ್ಯರು ‘ನ್ಯಾಯಕುಸುಮಾಂಜಲಿ’ಯಲ್ಲಿ ಈಶ್ವರಸಿದ್ಧಿಗಾಗಿ ಇಂತಹ ಯುಕ್ತಿಗಳನ್ನು ಮಂಡಿಸಿದರು. ಇದರಿಂದ ಕರ್ತನ ಶಕ್ತಿ, ಸ್ಥೈರ್ಯ, ನಿಯಮಬದ್ಧತೆಗಳು ತಿಳಿಯುತ್ತವೆ. ಆದರೆ ಅವನು ದಯಾಳುವೇ ಎಂಬ ಪ್ರಶ್ನೆಗೆ ಬಂಡೆಯಲ್ಲಿ ಉತ್ತರವಿಲ್ಲ.

ಉತ್ತರಕ್ಕಾಗಿ ಮಳೆಯತ್ತ ನೋಡಬೇಕಾಗುತ್ತದೆ. ಈಶ್ವರನು ಕೆಲವರನ್ನು ಸುಖಿಗಳನ್ನಾಗಿಯೂ ಕೆಲವರನ್ನು ದುಃಖಿಗಳನ್ನಾಗಿಯೂ ಮಾಡಿದನೆಂದರೆ ಅವನಿಗೆ ಪಕ್ಷಪಾತ, ಕ್ರೌರ್ಯಗಳ ದೋಷ ಬರುವುದಿಲ್ಲವೇ ಎಂಬ ಆಕ್ಷೇಪವನ್ನು ಬ್ರಹ್ಮಸೂತ್ರಗಳ ಎರಡನೆಯ ಅಧ್ಯಾಯ ಎತ್ತಿಕೊಳ್ಳುತ್ತದೆ. ಅಲ್ಲಿ ಶಂಕರ ಭಗವತ್ಪಾದರು ಕೊಡುವ ದೃಷ್ಟಾಂತ ಮಳೆಯದು. ಮಳೆ ಎಲ್ಲ ಪೈರಿಗೂ ಸಮಾನ ಕಾರಣ. ಭತ್ತ ಭತ್ತವಾಗುವುದೂ ಯವೆ ಯವೆಯಾಗುವುದೂ ಬೀಜದ ಗುಣದಿಂದ. ಹಾಗೆಯೇ ಈಶ್ವರನು ಸಮ. ಭೇದವಿರುವುದು ಜೀವಿಗಳ ಕರ್ಮದಲ್ಲಿ. ಬಡವನ ಹೊಲ, ಧನಿಕನ ಹೊಲವೆನ್ನದೆ ಸುರಿಯುವ ಮಳೆಯಲ್ಲಿ ದೇವನ ಸಮತಾಗುಣವನ್ನು ಕಾಣುವುದು ಯುಕ್ತವೇ ಆಗಿದೆ.

ಆದರೆ ವರ್ಷಕ್ಕೆ ಸುಮಾರು 50 ಸೆಂಟಿಮೀಟರು ಮಳೆಯನ್ನಷ್ಟೇ ಕಾಣುವ ಈ ಸೀಮೆಯಲ್ಲಿ ದೃಷ್ಟಾಂತಕ್ಕೊಂದು ಕಠಿಣ ಪರೀಕ್ಷೆಯಿದೆ. ಮಳೆಯೇ ಬಾರದಿದ್ದರೆ? 1876ರಲ್ಲಿ ಮಳೆ ಕೈಕೊಟ್ಟಿತು. 1878ರವರೆಗೆ ದಕ್ಷಿಣ ಭಾರತವನ್ನು ಸುಟ್ಟ ಆ ಕ್ಷಾಮದಲ್ಲಿ, ಅಂದು ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಬಳ್ಳಾರಿ ಜಿಲ್ಲೆ ಅತಿ ಹೆಚ್ಚು ನೊಂದವುಗಳಲ್ಲಿ ಒಂದು. ಆ ಸಂವತ್ಸರಗಳು ಧಾತು ಮತ್ತು ಈಶ್ವರ. ಈಶ್ವರನ ಹೆಸರನ್ನೇ ಹೊತ್ತ ವರ್ಷದಲ್ಲಿ ಕೂಸುಗಳು ಅನ್ನವಿಲ್ಲದೆ ಅಳಿದವು. ಸತ್ತವರ ಕರ್ಮವೇ ಹಾಗಿತ್ತೆಂದು ತೀರ್ಮಾನಿಸುವುದು ತರ್ಕಕ್ಕೆ ಸುಲಭ. ಹಸಿದವನ ಮುಂದೆ ನಿಂತು ಆ ಮಾತನ್ನು ಆಡುವುದು ಧರ್ಮಕ್ಕೆ ಕಷ್ಟ. ಪ್ರಕೃತಿಯ ಸಾಕ್ಷ್ಯ ಇಲ್ಲಿಗೆ ನಿಲ್ಲುತ್ತದೆ. ಅದು ಶಿವನ ಹಿರಿಮೆಯನ್ನು ಸಾರುತ್ತದೆ. ಕರುಣೆಯನ್ನು ತಾನಾಗಿಯೇ ಸ್ಥಾಪಿಸಲಾರದು.

ಈ ಎಡೆಯಲ್ಲಿ ಹನ್ನೆರಡನೆಯ ಶತಮಾನದ ಶರಣರ ವಾಣಿ ಪ್ರಮಾಣವಾಗಿ ಒದಗುತ್ತದೆ. ಅವರು ಪ್ರಕೃತಿಯನ್ನು ತೊರೆದವರಲ್ಲ. ಅವರ ಅಂಕಿತಗಳನ್ನೇ ಗಮನಿಸಬಹುದು: ಅಲ್ಲಮಪ್ರಭುಗಳ ದೇವನ ಹೆಸರಿನಲ್ಲಿ ಗುಹೆಯಿದೆ, ಅಕ್ಕಮಹಾದೇವಿಯ ದೇವನ ಹೆಸರಿನಲ್ಲಿ ಮಲ್ಲಿಗೆಯಿದೆ, ಬಸವಣ್ಣನವರ ದೇವನ ಹೆಸರಿನಲ್ಲಿ ಕೃಷ್ಣಾ-ಮಲಪ್ರಭೆಗಳ ಸಂಗಮವಿದೆ. ಆದರೂ ಹಸಿವಿನ ಪ್ರಶ್ನೆಗೆ ಅವರು ಕೊಟ್ಟ ಉತ್ತರ ವಾದವಾಗಿರಲಿಲ್ಲ. ಕಾಯಕವೂ ದಾಸೋಹವೂ ಆಗಿತ್ತು. ಜಗತ್ತು ಶಿವನ ಪ್ರಸಾದವಾದರೆ ಅದನ್ನು ಹಂಚದೆ ಉಣ್ಣುವುದು ಪ್ರಸಾದದ್ರೋಹ. ಸಿದ್ಧರಾಮರು ಸೊನ್ನಲಿಗೆಯಲ್ಲಿ ಕೆರೆ ಕಟ್ಟಿಸಿ, ಬಂದ ಮಳೆಯನ್ನು ಬಾರದ ದಿನಗಳಿಗೆ ಕಾದಿಟ್ಟರು. ಪತಿ ಮಾರಯ್ಯನು ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ ಆಯ್ದಕ್ಕಿ ಲಕ್ಕಮ್ಮ ಅದನ್ನು ಹಿಂದಕ್ಕೆ ಕಳುಹಿಸಿದಳು. ಕೆರೆಯಲ್ಲಿ ಕರುಣೆಗೆ ರೂಪ ಬಂದಿತು, ಅಕ್ಕಿಯಲ್ಲಿ ಅದಕ್ಕೆ ಮಿತಿಯ ಅರಿವು ಬಂದಿತು. ಶಿವನ ದಯೆ ಭಕ್ತನ ಕೈಯ ಮೂಲಕ ಲೋಕಕ್ಕೆ ಗೋಚರಿಸಬೇಕೆಂಬುದೇ ಈ ಆಚರಣೆಗಳ ತಾತ್ಪರ್ಯ.

ಈ ಸೀಮೆಯ ಈಚಿನ ಚರಿತ್ರೆಯೂ ಇದಕ್ಕೆ ಭಾಷ್ಯದಂತಿದೆ. 1945ರಲ್ಲಿ ಆರಂಭವಾದ ತುಂಗಭದ್ರಾ ಅಣೆಕಟ್ಟು 1953ರಲ್ಲಿ ಸಿದ್ಧವಾಯಿತು. ಅದರ ಕಾಲುವೆಗಳು ಸಿರುಗುಪ್ಪದ ಬಯಲನ್ನು ಭತ್ತದ ಕಣಜವಾಗಿಸಿದವು. ನದಿ ಮೊದಲೂ ಹರಿಯುತ್ತಿತ್ತು; ಧಾತು-ಈಶ್ವರರ ಕಾಲದಲ್ಲಿ ಇಲ್ಲದಿದ್ದುದು ಈ ಕಟ್ಟೆ. 2024ರ ಆಗಸ್ಟ್ 10ರ ರಾತ್ರಿ ಅದೇ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ, ಹರಿವ ನೀರಿನ ಭೋರ್ಗರೆತದ ನಡುವೆಯೇ ಕಾರ್ಮಿಕರು ಒಂದು ವಾರದೊಳಗೆ ತಾತ್ಕಾಲಿಕ ತಡೆಬಾಗಿಲನ್ನು ಇಳಿಸಿ ರೈತರ ಪೈರಿಗೆ ನೀರುಳಿಸಿದರು. ಇದೇ ನೆಲದಲ್ಲಿ ಲಕ್ಕಮ್ಮನ ಪಾಠವನ್ನು ಮರೆತುದರ ಉದಾಹರಣೆಯೂ ಇದೆ. ಕಬ್ಬಿಣದ ಅದಿರನ್ನು ಮಿತಿಮೀರಿ ಬಗೆದುದರಿಂದ 2011ರ ಜುಲೈನಲ್ಲಿ ಸರ್ವೋಚ್ಚ ನ್ಯಾಯಾಲಯ ಬಳ್ಳಾರಿಯ ಗಣಿಗಾರಿಕೆಯನ್ನೇ ತಡೆಹಿಡಿಯಬೇಕಾಯಿತು. ಪ್ರಕೃತಿ ಎರಡು ಬಗೆಯ ಕೈಗೂ ಮಣಿಯಿತು; ಯಾವ ಕೈ ಶಿವನದೆಂದು ಹೇಳಿಕೊಟ್ಟುದು ಶಾಸ್ತ್ರ.

ಆದುದರಿಂದ ಎರಡು ಸಾಕ್ಷಿಗಳಲ್ಲಿ ವಿರೋಧವಿಲ್ಲ, ಕ್ರಮವಿದೆ. ಬೆಟ್ಟ ಶಿವನ ಸ್ಥೈರ್ಯವನ್ನು ಹೇಳುತ್ತದೆ, ಮಳೆ ಸಮತೆಯನ್ನು ಹೇಳುತ್ತದೆ, ಶರಣರ ವಾಣಿ ಕಾರುಣ್ಯವನ್ನು ಹೇಳಿ ಅದರ ಹೊಣೆಯನ್ನು ಕೇಳುವವನ ಹೆಗಲಿಗೆ ಏರಿಸುತ್ತದೆ. ಮಠಗಳು ವಿದ್ಯಾಲಯದ ಪಕ್ಕದಲ್ಲಿ ಉಚಿತ ಪ್ರಸಾದನಿಲಯಗಳನ್ನೂ ನಡೆಸಿದುದರ ಮರ್ಮವಿದು. ಪಾಠ ಹೇಳುವ ಗುರುವೂ, ಅಕ್ಕಿಯ ಚೀಲವನ್ನು ಕಳುಹಿಸುವ ದಾನಿಯೂ ದೇವನ ಗುಣವನ್ನು ಕುರಿತ ಒಂದೇ ಪಾಠದ ಎರಡು ಭಾಗಗಳನ್ನು ಬೋಧಿಸುತ್ತಾರೆ. ಪಂಕ್ತಿಯಲ್ಲಿ ಕುಳಿತ ಬಾಲಕನಿಗೆ ಎರಡನೆಯ ಭಾಗವೇ ಮೊದಲು ಅರ್ಥವಾಗುತ್ತದೆ.