ಕಸುಬಿನಿಂದ ಬಂದ ಕಾಯಿಲೆ

ಪ್ರಶ್ನೆ: 1966ರಲ್ಲಿ ವಿಶ್ವಕಪ್ ಗೆದ್ದ ಇಂಗ್ಲೆಂಡ್ ಫುಟ್‌ಬಾಲ್ ತಂಡದ ಐವರಿಗೆ ಕೊನೆಗಾಲದಲ್ಲಿ ಮರೆವಿನ ಕಾಯಿಲೆ ಬಂತೆಂದು ಓದಿದೆ. ಚೆಂಡನ್ನು ತಲೆಯಿಂದ ಹೊಡೆದದ್ದೇ ಕಾರಣವೇ? ವಯಸ್ಸಾದವರಿಗೆ ಮರೆವು ಸಹಜವಲ್ಲವೇ? ಒಂಬತ್ತು ವರ್ಷದ ನನ್ನ ಮೊಮ್ಮಗ ದಿನಾ ಸಂಜೆ ಫುಟ್‌ಬಾಲ್ ಅಭ್ಯಾಸಕ್ಕೆ ಹೋಗುತ್ತಾನೆ. ಅದಕ್ಕೇ ಕೇಳುತ್ತಿದ್ದೇನೆ.
ಓದುಗರು, ಆಸ್ಟಿನ್ ಟೌನ್, ಬೆಂಗಳೂರು

ಉತ್ತರ: ನೀವು ಓದಿದ್ದು ನಿಜ. ಆ ವರ್ಷದ ಜುಲೈ 30ರಂದು ವೆಂಬ್ಲಿಯಲ್ಲಿ ಪಶ್ಚಿಮ ಜರ್ಮನಿಯನ್ನು 4–2ರಿಂದ ಮಣಿಸಿದ ಹನ್ನೊಂದು ಮಂದಿಯಲ್ಲಿ ರೇ ವಿಲ್ಸನ್, ಮಾರ್ಟಿನ್ ಪೀಟರ್ಸ್, ನಾಬಿ ಸ್ಟೈಲ್ಸ್, ಅಣ್ಣತಮ್ಮಂದಿರಾದ ಜಾಕ್ ಮತ್ತು ಬಾಬಿ ಚಾರ್ಲ್ಟನ್, ಈ ಐವರಿಗೂ ಡಿಮೆನ್ಷಿಯಾ ಬಂತು. ವಿಲ್ಸನ್ 2018ರಲ್ಲಿ, ಪೀಟರ್ಸ್ 2019ರಲ್ಲಿ, ಜಾಕ್ ಮತ್ತು ಸ್ಟೈಲ್ಸ್ 2020ರಲ್ಲಿ, ಬಾಬಿ 2023ರಲ್ಲಿ ತೀರಿಕೊಂಡರು. ಅಂದು ಮೂರು ಗೋಲು ಹೊಡೆದ ಜೆಫ್ ಹರ್ಸ್ಟ್ ತಮ್ಮ ಮೆದುಳನ್ನು ಸಂಶೋಧನೆಗೆ ಕೊಡುವುದಾಗಿ ಹೇಳಿದ್ದಾರೆ. ಆ ಮೂರರಲ್ಲಿ ಮೊದಲನೆಯ ಗೋಲು ತಲೆಯಿಂದ ಹೊಡೆದದ್ದು.

ನಿಮ್ಮ ಎರಡನೇ ಪ್ರಶ್ನೆ ನ್ಯಾಯವಾದದ್ದು. ಎಪ್ಪತ್ತೈದು, ಎಂಬತ್ತು ದಾಟಿ ಬದುಕಿದ ಐವರಿಗೆ ಮರೆವು ಬಂದಿದ್ದರಿಂದಲೇ ಏನನ್ನೂ ಸಾಧಿಸಿ ತೋರಿಸಲಾಗದು. ಅಂಥವರು ನಮ್ಮ ಬೀದಿಯಲ್ಲೂ ಇದ್ದಾರೆ, ಅವರು ಒಮ್ಮೆಯೂ ಚೆಂಡು ಮುಟ್ಟಿದವರಲ್ಲ. ಹಾಗಾಗಿ ಈ ವಿಷಯವನ್ನು ವಿಶ್ವಕಪ್ ವೀರರಿಂದ ಶುರು ಮಾಡುವುದಕ್ಕಿಂತ, ಐವತ್ತೊಂಬತ್ತಕ್ಕೇ ಸತ್ತ ಇನ್ನೊಬ್ಬ ಆಟಗಾರರಿಂದ ಶುರು ಮಾಡುವುದು ಸರಿ.

ಅವರ ಹೆಸರು ಜೆಫ್ ಆಸಲ್. ಇಂಗ್ಲೆಂಡಿನ ನಡುನಾಡಿನ ವೆಸ್ಟ್ ಬ್ರಾಮ್‌ವಿಚ್ ಆಲ್ಬಿಯನ್ ಕ್ಲಬ್ಬಿನ ಅಭಿಮಾನಿಗಳಿಗೆ ಅವರು 'ದಿ ಕಿಂಗ್'. ಆ ಕ್ಲಬ್ಬಿಗೆ 361 ಪಂದ್ಯಗಳಲ್ಲಿ 174 ಗೋಲು. 1968ರ ಎಫ್‌ಎ ಕಪ್ ಫೈನಲ್‌ನಲ್ಲಿ ಎವರ್ಟನ್ ವಿರುದ್ಧ ಬಿದ್ದ ಒಂದೇ ಒಂದು ಗೋಲು ಅವರದು. ಅದು ಕಾಲಿನಿಂದ ಹೊಡೆದದ್ದಾದರೂ ಆಸಲ್ ಹೆಸರು ಮಾಡಿದ್ದು ತಲೆಯಿಂದ. ಮೈದಾನದ ಅಂಚಿನಿಂದ ಹಾರಿ ಬಂದ ಚೆಂಡಿಗೆ ಎಲ್ಲರಿಗಿಂತ ಎತ್ತರಕ್ಕೆ ನೆಗೆದು ಹಣೆ ಕೊಡುವುದು ಅವರ ವಿದ್ಯೆ. ಆ ವಿದ್ಯೆಗಾಗಿ ಅಭ್ಯಾಸದಲ್ಲಿ ಪ್ರತಿದಿನ ಎಷ್ಟು ಸಲ ತಲೆ ಕೊಟ್ಟಿರಬಹುದು, ಲೆಕ್ಕ ಇಟ್ಟವರಿಲ್ಲ.

ಆಟ ಮುಗಿದ ಮೇಲೆ ಅವರು ಕಿಟಕಿ, ಕಟ್ಟಡ ಸ್ವಚ್ಛ ಮಾಡುವ ಸಣ್ಣ ಉದ್ಯಮ ನಡೆಸಿದರು. ಜೆಫ್ ಆಸಲ್ ಕಾರ್ನರ್ (ಕಾರ್ನರ್ ಕಿಕ್ಕೂ ಹೌದು, ಮೂಲೆಯೂ ಹೌದು) ತಪ್ಪಿಸುವುದಿಲ್ಲ ಎಂಬರ್ಥದ ಬರಹ ಅವರ ವ್ಯಾನಿನ ಮೇಲಿತ್ತು. ಟಿವಿ ಕಾರ್ಯಕ್ರಮದಲ್ಲಿ ಹಾಡಿ ಜನರನ್ನು ನಗಿಸುತ್ತಿದ್ದ ಮನುಷ್ಯ. ಐವತ್ತೈದರ ಆಸುಪಾಸಿನಲ್ಲಿ ಒಂದೊಂದೇ ಮರೆಯತೊಡಗಿತು. ಕೊನೆಕೊನೆಗೆ ತಾನು ಫುಟ್‌ಬಾಲ್ ಆಡಿದ್ದೇ ಅವರಿಗೆ ನೆನಪಿರಲಿಲ್ಲ. 2002ರ ಜನವರಿ 19ರಂದು ಮಗಳ ಮನೆಯಲ್ಲಿ ತೀರಿಕೊಂಡರು.

ಅದೇ ವರ್ಷ ನವೆಂಬರ್‌ನಲ್ಲಿ ಸಾವಿನ ವಿಚಾರಣೆ ನಡೆಸಿದ ಕೊರೋನರ್ ಕೊಟ್ಟ ತೀರ್ಪನ್ನು ನೀವು ಗಮನವಿಟ್ಟು ಓದಬೇಕು. ಸಾವಿಗೆ ಕಾರಣ 'ಕೈಗಾರಿಕಾ ಕಾಯಿಲೆ' ಎಂದರು ಅವರು. ಅಂದರೆ ಕಸುಬಿನಿಂದ ಬಂದ ಕಾಯಿಲೆ. ಕಲ್ಲಿದ್ದಲ ದೂಳು ಕುಡಿದ ಗಣಿಕಾರ್ಮಿಕನಿಗೆ, ಆಸ್ಬೆಸ್ಟಾಸ್ ಕಾರ್ಖಾನೆಯಲ್ಲಿ ದುಡಿದವನಿಗೆ ಬರೆಯುವ ಮಾತು ಅದು. ಆಸಲ್ ಹುಟ್ಟಿದ್ದು ಈಸ್ಟ್‌ವುಡ್ ಎಂಬ ಗಣಿಯೂರಿನಲ್ಲಿ. ಗಣಿಗೆ ಇಳಿಯದೆ ಹಸಿರು ಹುಲ್ಲಿನ ಮೇಲೆ ಬದುಕು ಕಂಡುಕೊಂಡ ಮನುಷ್ಯನ ಸಾವಿಗೂ ಅದೇ ತೀರ್ಪು ಬಂತು. ಅವರ ಮೆದುಳು ಬಾಕ್ಸರ್‌ಗಳ ಮೆದುಳಿನಂತೆ ಜರ್ಜರಿತವಾಗಿತ್ತು ಎಂದು ಪರೀಕ್ಷಿಸಿದ ವೈದ್ಯರು ಸಾಕ್ಷಿ ಹೇಳಿದ್ದರು.

ಆ ದಿನವೇ ಇಂಗ್ಲೆಂಡಿನ ಫುಟ್‌ಬಾಲ್ ಎಚ್ಚೆತ್ತುಕೊಳ್ಳಬೇಕಿತ್ತು. ಎಚ್ಚೆತ್ತುಕೊಳ್ಳಲಿಲ್ಲ. ಹತ್ತು ವರ್ಷ ನಡೆಯಬೇಕಿದ್ದ ಒಂದು ಅಧ್ಯಯನ ನಡುವೆಯೇ ನಿಂತುಹೋಯಿತು. ಆಸಲ್ ಅವರ ಹೆಂಡತಿ ಲರೇನ್, ಮಗಳು ಡಾನ್ ಬಾಗಿಲು ಬಾಗಿಲು ತಟ್ಟಿದರು. 2014ರಲ್ಲಿ ಗ್ಲಾಸ್ಗೋದ ನರರೋಗಶಾಸ್ತ್ರಜ್ಞ ವಿಲ್ಲಿ ಸ್ಟೂವರ್ಟ್ ಆ ಮೆದುಳನ್ನು ಮತ್ತೆ ಪರೀಕ್ಷಿಸಿ, ಅದು ಅಲ್ಜೈಮರ್ಸ್ ಅಲ್ಲ, ಕ್ರಾನಿಕ್ ಟ್ರಾಮ್ಯಾಟಿಕ್ ಎನ್ಸೆಫಲೋಪತಿ, ಚುಟುಕಾಗಿ ಸಿಟಿಇ ಎಂದು ಹೇಳಿದರು. ಪದೇ ಪದೇ ಪೆಟ್ಟು ಬಿದ್ದ ಮೆದುಳು ನಿಧಾನವಾಗಿ ಸವೆಯುವ ಕಾಯಿಲೆ ಇದು. ಬಾಕ್ಸರ್‌ಗಳಲ್ಲಿ ಇಂಥದ್ದನ್ನು ಅಮೆರಿಕದ ವೈದ್ಯ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ 1928ರಲ್ಲೇ ವಿವರಿಸಿದ್ದರು.

ಪೆಟ್ಟು ಹೇಗೆ ತಗಲುತ್ತದೆ ಎಂಬುದನ್ನು ಅಡುಗೆಮನೆಯ ಉದಾಹರಣೆಯಿಂದ ಹೇಳುತ್ತೇನೆ. ಹೆಪ್ಪುಗಟ್ಟಿದ ಮೊಸರಿನ ಪಾತ್ರೆಯನ್ನು ಜೋರಾಗಿ ಅಲುಗಿಸಿ. ಪಾತ್ರೆಗೆ ಒಂದು ಗೀರೂ ಬೀಳುವುದಿಲ್ಲ, ಒಳಗಿನ ಮೊಸರು ಒಡೆಯುತ್ತದೆ. ತಲೆಬುರುಡೆಯ ಒಳಗೆ ಮೆದುಳು ದ್ರವದಲ್ಲಿ ತೇಲುತ್ತಿರುತ್ತದೆ. ಚೆಂಡು ಹಣೆಗೆ ಬಡಿದಾಗ ತಲೆ ನಿಲ್ಲುತ್ತದೆ ಅಥವಾ ತಿರುಗುತ್ತದೆ, ಮೆದುಳು ಒಂದು ಕ್ಷಣ ತಡವಾಗಿ ಹಿಂಬಾಲಿಸುತ್ತದೆ. ಆಗ ಅದರೊಳಗಿನ ಕೂದಲಿಗಿಂತ ಸಣ್ಣ ನರತಂತುಗಳು ಎಳೆತಕ್ಕೆ ಸಿಗುತ್ತವೆ. ಆ ತಂತುಗಳ ಒಳಚೌಕಟ್ಟನ್ನು ಬಿಗಿಯಾಗಿ ಹಿಡಿದಿರುವುದು ಟಾವ್ ಎಂಬ ಪ್ರೋಟೀನ್. ಅದು ಕಳಚಿ, ಗಂಟುಗಂಟಾಗಿ, ಮೆದುಳಿನ ಮಡಿಕೆಗಳ ಆಳದಲ್ಲಿ ಸಣ್ಣ ರಕ್ತನಾಳಗಳ ಸುತ್ತ ಸೇರುತ್ತದೆ. ಒಂದು ಹೆಡರ್‌ನಿಂದ, ಎಂದರೆ ಚೆಂಡಿಗೆ ಒಮ್ಮೆ ತಲೆ ಕೊಟ್ಟಿದ್ದರಿಂದ, ಹೀಗಾಗುವುದಿಲ್ಲ. ಪ್ರಜ್ಞೆ ತಪ್ಪಬೇಕೆಂದೂ ಇಲ್ಲ, ತಲೆನೋವೂ ಬರಬೇಕಿಲ್ಲ. ಹನಿ ಹನಿ ಕೂಡಿ ಹಳ್ಳ ಎಂಬ ಮಾತು ಇಲ್ಲಿ ಅಕ್ಷರಶಃ ಸತ್ಯ. ಹದಿನೈದು, ಇಪ್ಪತ್ತು ವರ್ಷ ಬಿದ್ದ ಸಾವಿರಾರು ಸಣ್ಣ ಪೆಟ್ಟುಗಳ ಲೆಕ್ಕ ನಿವೃತ್ತಿಯಾಗಿ ಎಷ್ಟೋ ವರ್ಷಗಳ ಮೇಲೆ ತೆರೆದುಕೊಳ್ಳುತ್ತದೆ.

ಈಗ ವಯಸ್ಸಿನ ಪ್ರಶ್ನೆಗೆ ಬರೋಣ. ಇದೇ ಸ್ಟೂವರ್ಟ್ ಮತ್ತು ಸಂಗಡಿಗರು 1900ರಿಂದ 1976ರ ನಡುವೆ ಹುಟ್ಟಿದ 7,676 ಸ್ಕಾಟ್ಲೆಂಡಿನ ವೃತ್ತಿಪರ ಆಟಗಾರರನ್ನು ಅದೇ ವಯಸ್ಸಿನ, ಅಂಥದೇ ಆರ್ಥಿಕ ಸ್ಥಿತಿಯ 23,000 ಸಾಮಾನ್ಯ ಜನರ ಜೊತೆ ಹೋಲಿಸಿ 2019ರಲ್ಲಿ ವರದಿ ಪ್ರಕಟಿಸಿದರು. ಮೆದುಳು ಸವೆಯುವ ಕಾಯಿಲೆಗಳಿಂದ ಆಟಗಾರರು ಸಾಯುವ ಸಂಭವ ಉಳಿದವರಿಗಿಂತ ಸುಮಾರು ಮೂರೂವರೆ ಪಟ್ಟು. ಅಲ್ಜೈಮರ್ಸ್ ಐದು ಪಟ್ಟು, ಪಾರ್ಕಿನ್ಸನ್ಸ್ ಎರಡು ಪಟ್ಟು. ಹೃದಯದ ಕಾಯಿಲೆ ಮತ್ತು ಶ್ವಾಸಕೋಶದ ಕ್ಯಾನ್ಸರ್‌ನಿಂದ ಸತ್ತವರು ಮಾತ್ರ ಆಟಗಾರರಲ್ಲಿ ಕಡಿಮೆ. ಆಟ ದೇಹವನ್ನು ಕಾಪಾಡಿತ್ತು, ತಲೆಯನ್ನು ಕಾಪಾಡಲಿಲ್ಲ.

ಎರಡು ವರ್ಷಗಳ ನಂತರ ಅದೇ ತಂಡ ಇನ್ನೊಂದು ಪ್ರಶ್ನೆ ಕೇಳಿತು: ಮೈದಾನದಲ್ಲಿ ಯಾರು ಎಲ್ಲಿ ನಿಂತಿದ್ದರು? ನನ್ನ ಮಟ್ಟಿಗೆ ಎಲ್ಲಕ್ಕಿಂತ ಬಲವಾದ ಪುರಾವೆ ಇದೇ. ಗೋಲ್‌ಕೀಪರ್‌ಗಳಲ್ಲಿ ಈ ಕಾಯಿಲೆ ಸಾಮಾನ್ಯ ಜನರಷ್ಟೇ ಇತ್ತು. ಡಿಫೆಂಡರ್‌ಗಳಲ್ಲಿ ಸುಮಾರು ಐದು ಪಟ್ಟು. ಹದಿನೈದು ವರ್ಷ ಮೀರಿ ಆಡಿದವರಲ್ಲೂ ಸುಮಾರು ಅಷ್ಟೇ. ಒಂದೇ ತಂಡ, ಒಂದೇ ಊಟ, ಒಂದೇ ಬಸ್ಸಿನ ಪ್ರಯಾಣ, ಒಂದೇ ಪಬ್ಬಿನ ಸಂಜೆ. ಆದರೆ ಗೋಲ್‌ಕೀಪರ್ ಚೆಂಡಿಗೆ ಕೈ ಕೊಡುತ್ತಾನೆ, ಡಿಫೆಂಡರ್ ತಲೆ ಕೊಡುತ್ತಾನೆ. 2023ರಲ್ಲಿ ಸ್ವೀಡನ್ನಿನ ಆರು ಸಾವಿರ ಆಟಗಾರರ ಅಧ್ಯಯನದಲ್ಲಿ ಅಪಾಯದ ಪ್ರಮಾಣ ಕಡಿಮೆ, ಒಂದೂವರೆ ಪಟ್ಟು ಮಾತ್ರ, ಆದರೂ ಗೋಲ್‌ಕೀಪರ್‌ಗಳು ಅಲ್ಲಿಯೂ ಆ ಅಪಾಯದಿಂದ ಹೊರಗೆ.

ಹಳೆಯ ಕಾಲದ ತೊಗಲಿನ ಚೆಂಡು ಮಳೆಯಲ್ಲಿ ನೀರು ಕುಡಿದು ಭಾರವಾಗುತ್ತಿತ್ತು, ಈಗಿನದು ಹಗುರ, ಹೆದರಬೇಕಿಲ್ಲ ಎಂದು ಕೆಲವರು ಸಮಾಧಾನ ಹೇಳುವುದುಂಟು. ಈ ಸಮಾಧಾನ ನಿಲ್ಲುವುದಿಲ್ಲ. ಒಣಗಿದ್ದಾಗ ಅಂದಿನ ಚೆಂಡೂ ಇಂದಿನದೂ ಹೆಚ್ಚುಕಡಿಮೆ ಒಂದೇ ತೂಕ, 410ರಿಂದ 450 ಗ್ರಾಂ. ಇಂದಿನದು ನೀರು ಹೀರದೆ ಇನ್ನೂ ವೇಗವಾಗಿ ಬರುತ್ತದೆ. ಸ್ಕಾಟ್ಲೆಂಡಿನ ಲೆಕ್ಕದಲ್ಲೂ ಯಾವ ದಶಕದಲ್ಲಿ ಹುಟ್ಟಿದವರೆಂಬುದರಿಂದ ಅಪಾಯ ಬದಲಾಗಲಿಲ್ಲ.

ಸಿಟಿಇ ನಮ್ಮ ಫುಟ್‌ಬಾಲಿಗಷ್ಟೇ ಸೀಮಿತವಲ್ಲ. ಅಮೆರಿಕದಲ್ಲಿ ಫುಟ್‌ಬಾಲ್ ಎಂದರೆ ಬೇರೆಯೇ ಆಟ, ಹೆಲ್ಮೆಟ್ ಹಾಕಿಕೊಂಡು ಒಬ್ಬರಿಗೊಬ್ಬರು ಡಿಕ್ಕಿ ಹೊಡೆಯುವ ಆಟ. ಹೆಲ್ಮೆಟ್ ಬುರುಡೆ ಒಡೆಯದಂತೆ ತಡೆಯುತ್ತದೆ, ಒಳಗಿನ ಮೊಸರು ಅಲುಗದಂತೆ ತಡೆಯಲಾರದು. ಪಿಟ್ಸ್‌ಬರ್ಗ್ ಸ್ಟೀಲರ್ಸ್ ತಂಡಕ್ಕೆ ಅಲ್ಲಿನ ವೃತ್ತಿಪರ ಲೀಗ್‌ನ ಫೈನಲ್ ಆದ ಸೂಪರ್ ಬೌಲ್ ನಾಲ್ಕು ಸಲ ಗೆದ್ದುಕೊಟ್ಟವರಲ್ಲಿ ಒಬ್ಬರಾದ ಮೈಕ್ ವೆಬ್‌ಸ್ಟರ್ ನಿವೃತ್ತಿಯ ನಂತರ ಹಣ ಕಳೆದುಕೊಂಡರು, ಸಂಸಾರ ಒಡೆಯಿತು, ತಮ್ಮ ವಾಹನದಲ್ಲೇ ಮಲಗುವ ದಿನಗಳು ಬಂದವು. 2002ರ ಸೆಪ್ಟೆಂಬರ್‌ನಲ್ಲಿ ಐವತ್ತನೇ ವಯಸ್ಸಿಗೆ ಸತ್ತರು. ಅವರ ಮೆದುಳಿನಲ್ಲಿ ಸಿಟಿಇ ಕಂಡವರು ನೈಜೀರಿಯಾದಿಂದ ಬಂದಿದ್ದ ವೈದ್ಯ ಬೆನೆಟ್ ಒಮಾಲು. 2005ರಲ್ಲಿ ಅವರು ಲೇಖನ ಪ್ರಕಟಿಸಿದಾಗ ಲೀಗ್‌ನ ಸಮಿತಿಯ ವೈದ್ಯರು ಅದನ್ನು ಹಿಂತೆಗೆದುಕೊಳ್ಳಿ ಎಂದು ಒತ್ತಾಯಿಸಿದರು. ಮುಂದೆ ಸಾವಿರಾರು ಮಾಜಿ ಆಟಗಾರರು ದಾವೆ ಹೂಡಿದರು, ಲೀಗ್ ಪರಿಹಾರಕ್ಕೆ ಒಪ್ಪಬೇಕಾಯಿತು.

ವೆಬ್‌ಸ್ಟರ್ ಕಥೆಯನ್ನು ಹೇಳಿದ್ದಕ್ಕೆ ಕಾರಣವಿದೆ. ಸಿಟಿಇ ಎಂದರೆ ಬರಿಯ ಮರೆವಲ್ಲ. ಶಾಂತ ಸ್ವಭಾವದವರು ಸಿಡುಕುತ್ತಾರೆ, ಮನೆಯವರನ್ನೇ ಅನುಮಾನಿಸುತ್ತಾರೆ, ಕೈಯಲ್ಲಿದ್ದ ಹಣ ಹೋದದ್ದೇ ತಿಳಿಯುವುದಿಲ್ಲ, ಖಿನ್ನತೆಗೆ ಬೀಳುತ್ತಾರೆ. ಹೊರಗಿನ ಜನ ಏನೆನ್ನುತ್ತಾರೆ? ಹೆಸರು ಹೋಯಿತು, ಕುಡಿತ ಹತ್ತಿತು, ಗರ್ವ ಇಳಿಯಿತು ಎನ್ನುತ್ತಾರೆ. ನಿವೃತ್ತ ಆಟಗಾರರ ಎಲ್ಲ ಕಷ್ಟವನ್ನೂ ಚೆಂಡಿನ ಮೇಲೆ ಹೊರಿಸುವುದು ತಪ್ಪು. ಬ್ರೆಜಿಲ್‌ನ ಗರಿಂಚಾ 1983ರಲ್ಲಿ ನಲವತ್ತೊಂಬತ್ತಕ್ಕೆ ಸತ್ತದ್ದು ಕುಡಿತದಿಂದಲೇ. ಆದರೆ ಅದೇ ಬ್ರೆಜಿಲ್ 1958ರಲ್ಲಿ ಮೊದಲ ಸಲ ವಿಶ್ವಕಪ್ ಗೆದ್ದಾಗ ಕಪ್ಪನ್ನು ಎರಡೂ ಕೈಯಿಂದ ತಲೆಯ ಮೇಲೆತ್ತಿದ ನಾಯಕ ಬೆಲ್ಲಿನಿ ಡಿಫೆಂಡರ್. 2014ರಲ್ಲಿ ತೀರಿಕೊಂಡ ಮೇಲೆ ಅವರ ಮೆದುಳಿನಲ್ಲೂ ಸಿಟಿಇ ಸಿಕ್ಕಿತು.

ಮನೆಯವರ ಪಾಡು ಇನ್ನೊಂದು ಅಧ್ಯಾಯ. 1961ರವರೆಗೆ ಇಂಗ್ಲೆಂಡಿನಲ್ಲಿ ಆಟಗಾರನಿಗೆ ವಾರಕ್ಕೆ 20 ಪೌಂಡಿಗಿಂತ ಹೆಚ್ಚು ಸಂಬಳ ಕೊಡುವಂತಿರಲಿಲ್ಲ. ಆ ಮಿತಿ ಹೋದ ಮೇಲೂ ಆ ತಲೆಮಾರಿನವರು ಕೂತು ಉಣ್ಣುವಷ್ಟು ಗಳಿಸಲಿಲ್ಲ. ವಿಶ್ವಕಪ್ ಗೆದ್ದ ರೇ ವಿಲ್ಸನ್ ನಿವೃತ್ತಿಯ ನಂತರ ಶವಸಂಸ್ಕಾರದ ವ್ಯವಹಾರ ನೋಡಿಕೊಂಡರು. ನಾಬಿ ಸ್ಟೈಲ್ಸ್ 2010ರಲ್ಲಿ, ಮೂವರು ಗಂಡುಮಕ್ಕಳಿಗೆ ಏನಾದರೂ ಉಳಿಯಲಿ ಎಂದು, ತಮ್ಮ ಪದಕಗಳನ್ನು ಹರಾಜಿಗಿಟ್ಟರು. ವಿಶ್ವಕಪ್ ಪದಕವನ್ನು ಅವರ ಹಳೆಯ ಕ್ಲಬ್ ಮ್ಯಾಂಚೆಸ್ಟರ್ ಯುನೈಟೆಡ್ ಸುಮಾರು 1,60,000 ಪೌಂಡಿಗೆ ಕೊಂಡುಕೊಂಡಿತು. ಇಂದಿನ ಪ್ರೀಮಿಯರ್ ಲೀಗ್‌ನ ಕೆಲವು ಆಟಗಾರರಿಗೆ ಅದು ಒಂದು ವಾರದ ಸಂಬಳ. ಡಿಮೆನ್ಷಿಯಾ ಬಂದವರನ್ನು ಹಗಲೂ ರಾತ್ರಿ ಕಾಯಬೇಕು. ಉಣಿಸಬೇಕು, ತೊಳೆಯಬೇಕು, ಹೊರಗೆ ಹೋಗಿ ದಾರಿ ತಪ್ಪದಂತೆ ನೋಡಬೇಕು. ಅದನ್ನೆಲ್ಲ ಮಾಡಿದವರು ಹೆಂಡತಿಯರು, ಹೆಣ್ಣುಮಕ್ಕಳು. ಆಟಗಾರರ ಸಂಘ ಮತ್ತು ಪ್ರೀಮಿಯರ್ ಲೀಗ್ ಸೇರಿ ಇಂಥ ಕುಟುಂಬಗಳಿಗೆ 10 ಲಕ್ಷ ಪೌಂಡಿನ ನಿಧಿ ತೆರೆದದ್ದು 2023ರಲ್ಲಿ, ಆಸಲ್ ತೀರ್ಪು ಬಂದು ಸುಮಾರು ಇಪ್ಪತ್ತೊಂದು ವರ್ಷದ ಮೇಲೆ. ಇದು ತಡವೂ ಹೌದು, ಕಡಿಮೆಯೂ ಹೌದು.

ನಿಮ್ಮನ್ನು ಹೆದರಿಸುವುದು ನನ್ನ ಉದ್ದೇಶವಲ್ಲ, ಆದ್ದರಿಂದ ಇದನ್ನೂ ಹೇಳಬೇಕು. ಸ್ಕಾಟ್ಲೆಂಡಿನ ಆ ಅಧ್ಯಯನದಲ್ಲಿ ಮೆದುಳಿನ ಕಾಯಿಲೆಯೇ ಸಾವಿನ ಮುಖ್ಯ ಕಾರಣವಾದದ್ದು ಆಟಗಾರರಲ್ಲಿ ನೂರಕ್ಕೆ 1.7, ಸಾಮಾನ್ಯರಲ್ಲಿ 0.5. ಎಂದರೆ ಬಹುಪಾಲು ಆಟಗಾರರಿಗೆ ಅದು ಬರಲಿಲ್ಲ. ಇವರೆಲ್ಲ ವರ್ಷಗಟ್ಟಲೆ ಆಟವನ್ನೇ ಕಸುಬು ಮಾಡಿಕೊಂಡವರು, ಸಂಜೆ ಒಂದು ಗಂಟೆ ಆಡುವ ಮಕ್ಕಳಲ್ಲ.

ಮೊಮ್ಮಗನನ್ನು ಆಟದಿಂದ ಬಿಡಿಸಬೇಡಿ. ಆದರೆ ಅವನ ಕೋಚ್ ಹತ್ತಿರ ಒಂದು ಮಾತು ಖಂಡಿತವಾಗಿ ಆಡಿ. ಅಮೆರಿಕದ ಸಾಕರ್ ಸಂಸ್ಥೆ 2015ರಲ್ಲೇ ಹತ್ತು ವರ್ಷ ಮತ್ತು ಅದಕ್ಕಿಂತ ಕಡಿಮೆ ವಯಸ್ಸಿನ ಮಕ್ಕಳಿಗೆ ಹೆಡಿಂಗ್ ನಿಷೇಧಿಸಿತು. ಇಂಗ್ಲೆಂಡ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡ್ 2020ರಲ್ಲಿ ಪ್ರಾಥಮಿಕ ಶಾಲೆಯ ವಯಸ್ಸಿನ ಮಕ್ಕಳಿಗೆ ಅಭ್ಯಾಸದಲ್ಲಿ ಹೆಡಿಂಗ್ ಕಲಿಸುವುದನ್ನು ನಿಲ್ಲಿಸಿದವು. ಇಂಗ್ಲೆಂಡಿನ ವೃತ್ತಿಪರರಿಗೇ 2021ರಿಂದ, ಅಭ್ಯಾಸದಲ್ಲಿ ಜೋರಾದ ಹೆಡರ್ ವಾರಕ್ಕೆ ಹತ್ತು ಮೀರಬಾರದೆಂಬ ಸೂಚನೆ ಇದೆ. ಒಂಬತ್ತು ವರ್ಷದ ಹುಡುಗನಿಗೆ ಸದ್ಯ ಕಾಲು ಸಾಕು. ತಲೆಗೆ ಪೆಟ್ಟು ಬಿದ್ದು ಕಣ್ಣು ಮಂಜಾದರೆ, ವಾಕರಿಕೆ ಬಂದರೆ ಅಂದಿನ ಆಟ ಅಲ್ಲಿಗೇ ನಿಲ್ಲಬೇಕು. ಇದನ್ನು ಒಪ್ಪದ ಕೋಚ್ ಇದ್ದರೆ ಬೇರೆ ಕೋಚ್ ಹುಡುಕಿ.

ಇನ್ನೊಂದು ಕೋರಿಕೆ. ನೀವಿರುವ ಆಸ್ಟಿನ್ ಟೌನ್ ಫುಟ್‌ಬಾಲಿನ ಬೀಡು. ವರ್ಷಗಟ್ಟಲೆ ಕ್ಲಬ್ಬುಗಳಿಗೆ ಆಡಿ ಈಗ ಮನೆಯಲ್ಲಿ ಕೂತ ಹಿರಿಯರು ನಿಮ್ಮ ಪರಿಚಯದಲ್ಲೂ ಇರಬಹುದು. ಅವರಲ್ಲಿ ಯಾರಾದರೂ ಹೆಸರು ಮರೆಯುತ್ತಿದ್ದರೆ, ಹಿಂದಿಲ್ಲದ ಸಿಡುಕು ತೋರುತ್ತಿದ್ದರೆ ವಯಸ್ಸಾಯಿತು ಎಂದು ಬಿಟ್ಟುಬಿಡಬೇಡಿ, ಕುಡಿತವೆಂದು ದೂಷಿಸಿ ದೂರ ಇಡಬೇಡಿ. ನಿಮ್ಹಾನ್ಸ್ ನಿಮಗೆ ಹತ್ತಿರದಲ್ಲೇ ಇದೆ, ಕರೆದುಕೊಂಡು ಹೋಗಿ. ವೈದ್ಯರು ಕೇಳದಿದ್ದರೂ ಅವರು ಫುಟ್‌ಬಾಲ್ ಆಡುತ್ತಿದ್ದರು, ಇಷ್ಟು ವರ್ಷ ಆಡಿದರು, ಇಂಥ ಜಾಗದಲ್ಲಿ ಆಡುತ್ತಿದ್ದರು ಎಂದು ನೀವಾಗಿಯೇ ಹೇಳಿ.