ಮಳೆಯಂಗಿಯ ಆಯ್ಕೆ

ಮಲೆನಾಡಿನ ಮಳೆಯ ಅಬ್ಬರವನ್ನು ಬಯಲುಸೀಮೆಯವರು ಕಣ್ಣಾರೆ ಕಂಡಲ್ಲದೆ ನಂಬಲಾರರು. ಬೆಂಗಳೂರಿನಲ್ಲಿ ಇಡೀ ವರ್ಷದಲ್ಲಿ ಬೀಳುವ ಮಳೆ ಸುಮಾರು ೧೦೦೦ ಮಿಲಿಮೀಟರು. ಶಿವಮೊಗ್ಗ ಜಿಲ್ಲೆಯ ಆಗುಂಬೆಯಲ್ಲಿ ವಾರ್ಷಿಕ ಸರಾಸರಿಯು ೭೦೦೦ ಮಿಲಿಮೀಟರನ್ನೂ ಮೀರುತ್ತದೆ. ಅದರಲ್ಲಿ ಬಹುಭಾಗವು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳುಗಳಲ್ಲಿ ಸುರಿದುಬಿಡುತ್ತದೆ. ಇಂತಹ ಕಾಲದಲ್ಲಿ ಬೆನ್ನಿಗೆ ಚೀಲ ಕಟ್ಟಿಕೊಂಡು ಸಹ್ಯಾದ್ರಿಯ ಬೆಟ್ಟಗಳನ್ನು ಏರುವ ಉತ್ಸಾಹಿಗಳು ಇದ್ದಾರೆ. ಮಂಜು, ಹಸುರು, ಭೋರ್ಗರೆಯುವ ಹಳ್ಳಗಳು ಅವರನ್ನು ಕೈಬೀಸಿ ಕರೆಯುತ್ತವೆ. ಆದರೆ ಆ ಸೊಬಗನ್ನು ಸವಿಯಬೇಕಾದರೆ ಮೈ ಬೆಚ್ಚಗಿರಬೇಕು. ಮೈ ಬೆಚ್ಚಗಿರಬೇಕಾದರೆ ಒಳ್ಳೆಯ ಮಳೆಯಂಗಿಯೊಂದು ಬೇಕು.

ಮಳೆಯಲ್ಲಿ ನೆನೆದರೆ ನೆಗಡಿಯಾದೀತು, ಅಷ್ಟೇ ತಾನೆ ಎಂದು ಕೆಲವರು ಉಪೇಕ್ಷೆ ಮಾಡುವುದುಂಟು. ಅದು ಸರಿಯಲ್ಲ. ನೀರು ಗಾಳಿಗಿಂತ ಸುಮಾರು ೨೫ ಪಟ್ಟು ವೇಗವಾಗಿ ಶಾಖವನ್ನು ಸಾಗಿಸುತ್ತದೆ. ತೊಯ್ದ ಬಟ್ಟೆ ಮೈಗೆ ಅಂಟಿಕೊಂಡಿರುವಾಗ ಬೆಟ್ಟದ ನೆತ್ತಿಯ ಗಾಳಿ ಬಲವಾಗಿ ಬೀಸಿತೆಂದರೆ ದೇಹದ ಶಾಖವು ಬೇಗಬೇಗನೆ ಸೋರಿಹೋಗುತ್ತದೆ. ದೇಹದೊಳಗಿನ ಉಷ್ಣತೆ ೩೫ ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದರೆ ಮೊದಲು ನಡುಕ, ಬಳಿಕ ತಡವರಿಸುವ ಮಾತು, ಕೊನೆಗೆ ಮಂಕು ಕವಿಯುವುದು. ದಾರಿ ತಿಳಿಯದ ಕಾಡಿನಲ್ಲಿ ಬುದ್ಧಿಗೆ ಮಂಕು ಕವಿದರೆ ಅದಕ್ಕಿಂತ ಅಪಾಯ ಬೇರುಂಟೇ? ಹಿಮವಿಲ್ಲದ ಬೆಟ್ಟದಲ್ಲಿಯೂ ಚಳಿಯು ಪ್ರಾಣಕ್ಕೆ ಎರವಾಗಬಲ್ಲದು. ಆದುದರಿಂದ ಮಳೆಯಂಗಿಯು ಅಲಂಕಾರದ ವಸ್ತುವಲ್ಲ, ರಕ್ಷಣೆಯ ಸಾಧನ.

ನಮ್ಮ ಹಿರಿಯರು ಈ ಸಮಸ್ಯೆಯನ್ನು ತಮ್ಮದೇ ರೀತಿಯಲ್ಲಿ ಬಗೆಹರಿಸಿಕೊಂಡಿದ್ದರು. ಬಿದಿರಿನ ಸೀಳುಗಳ ಹಂದರದಲ್ಲಿ ಒಣಗಿದ ಎಲೆಗಳನ್ನು ಒತ್ತಾಗಿ ಹೊಂದಿಸಿ ಹೆಣೆದ ಗೊರಬು ಮಲೆನಾಡಿನ ಮನೆಮನೆಯಲ್ಲಿಯೂ ಇರುತ್ತಿತ್ತು. ತಲೆಯ ಮೇಲಿಂದ ಬೆನ್ನನ್ನೆಲ್ಲ ಮುಚ್ಚುವ ಈ ಹೊದಿಕೆಯನ್ನು ಹೊತ್ತು ಬಾಗಿ ನಿಂತು ಸಸಿ ನೆಡುವವರ ಎರಡು ಕೈಗಳೂ ಬಿಡುವಾಗಿರುತ್ತಿದ್ದವು. ಮುಂಭಾಗ ತೆರೆದಿರುತ್ತಿದ್ದುದರಿಂದ ಗಾಳಿಯಾಡುತ್ತಿತ್ತು. ಬೆವರು ಒಳಗೇ ಉಳಿಯುತ್ತಿರಲಿಲ್ಲ. ಇನ್ನು ಕಂಬಳಿಕೊಪ್ಪೆ. ಉಣ್ಣೆಗೆ ಒದ್ದೆಯಾದಾಗಲೂ ಬೆಚ್ಚಗಿಡುವ ಗುಣವಿದೆ. ಆದರೆ ನೀರು ಕುಡಿದ ಕಂಬಳಿಯ ಭಾರವನ್ನು ಹೊತ್ತು ಬೆಟ್ಟ ಹತ್ತುವುದು ಸುಲಭವಲ್ಲ. ಗೊರಬನ್ನು ಮಡಿಸಿ ಚೀಲದೊಳಗೆ ಇಡಲೂ ಆಗದು.

ಮಡಿಸಬಹುದಾದ, ನೀರಿಳಿಯದ ಬಟ್ಟೆಗಾಗಿ ಪಾಶ್ಚಾತ್ಯ ದೇಶಗಳಲ್ಲಿ ಬಹುಕಾಲ ಪ್ರಯತ್ನ ನಡೆಯಿತು. ಸ್ಕಾಟ್ಲೆಂಡಿನ ರಸಾಯನ ವಿಜ್ಞಾನಿ ಚಾರ್ಲ್ಸ್ ಮ್ಯಾಕಿಂತೋಷ್ ಎರಡು ಬಟ್ಟೆಗಳ ನಡುವೆ ಕರಗಿಸಿದ ರಬ್ಬರನ್ನು ಲೇಪಿಸಿ, ೧೮೨೩ರಲ್ಲಿ ಅದಕ್ಕೆ ಹಕ್ಕುಪತ್ರ ಪಡೆದನು. ಆ ಬಟ್ಟೆ ಬಿಸಿಲಿಗೆ ಅಂಟಾಗುತ್ತಿತ್ತು, ಚಳಿಗೆ ಸೆಟೆಯುತ್ತಿತ್ತು. ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ ೧೮೩೯ರಲ್ಲಿ ರಬ್ಬರನ್ನು ಗಂಧಕದೊಡನೆ ಕಾಯಿಸಿ ಹದಗೊಳಿಸುವ ವಿಧಾನವನ್ನು ಕಂಡುಹಿಡಿದ ಮೇಲೆ ಈ ದೋಷ ನೀಗಿತು. ಆದರೂ ಒಂದು ತೊಡಕು ಉಳಿಯಿತು: ಹೊರಗಿನ ನೀರನ್ನು ತಡೆಯುವ ರಬ್ಬರು ಒಳಗಿನ ಬೆವರನ್ನೂ ತಡೆಯುತ್ತಿತ್ತು. ೧೯೬೯ರಲ್ಲಿ ಅಮೆರಿಕದ ರಾಬರ್ಟ್ ಗೋರ್ ಒಂದು ಬಗೆಯ ಪ್ಲಾಸ್ಟಿಕ್ಕನ್ನು ಥಟ್ಟನೆ ಎಳೆದು ಹಿಗ್ಗಿಸಿದಾಗ ಅದರಲ್ಲಿ ಅಸಂಖ್ಯ ಸೂಕ್ಷ್ಮ ರಂಧ್ರಗಳುಂಟಾದವು. ನೀರಿನ ಹನಿ ಅವುಗಳಲ್ಲಿ ನುಗ್ಗಲಾರದು. ಬೆವರಿನ ಆವಿ ಮಾತ್ರ ಹೊರಹೋಗಬಲ್ಲದು. 'ಗೋರ್‌ಟೆಕ್ಸ್' ಎಂಬ ಹೆಸರಿನ ಬಟ್ಟೆಗೆ ಇದೇ ತಳಹದಿ.

ಅಂಗಡಿಗೆ ಹೋದಾಗ ಗಮನಿಸಬೇಕಾದ ಮೊದಲ ಅಂಶ, ಬಟ್ಟೆಯು ನೀರನ್ನು ತಡೆಯುವ ಶಕ್ತಿ. ಇದನ್ನು ಮಿಲಿಮೀಟರುಗಳಲ್ಲಿ ಹೇಳುತ್ತಾರೆ. ಬಿಗಿದು ಕಟ್ಟಿದ ಬಟ್ಟೆಯ ಮೇಲೆ ನೀರಿನ ಒತ್ತಡವನ್ನು ಹೆಚ್ಚಿಸುತ್ತ ಹೋಗುತ್ತಾರೆ. ಎಷ್ಟು ಎತ್ತರದ ನೀರಿನ ಕಂಬದ ಒತ್ತಡಕ್ಕೆ ಹನಿ ಜಿನುಗಿತೋ ಅದೇ ಆ ಬಟ್ಟೆಯ ಅಂಕ. ೧೦,೦೦೦ ಎಂದು ಬರೆದಿದ್ದರೆ ೧೦ ಮೀಟರು ಎತ್ತರದ ನೀರಿನ ಒತ್ತಡವನ್ನು ಅದು ತಾಳಿತೆಂದು ಅರ್ಥ. ತುಂತುರು ಮಳೆಗೆ ೨೦೦೦ ಸಾಕು. ಆದರೆ ಬೆನ್ನುಚೀಲದ ಪಟ್ಟಿ ಹೆಗಲನ್ನು ಸದಾ ಒತ್ತುವುದರಿಂದ ದಿನವಿಡೀ ಜಡಿಮಳೆಯಲ್ಲಿ ನಡೆಯುವವರಿಗೆ ೧೦,೦೦೦ದ ಆಸುಪಾಸಿನ ಬಟ್ಟೆ ಲೇಸು. ಅಂಕವೊಂದನ್ನೇ ನೋಡಿ ಮರುಳಾಗಬಾರದು. ಸೂಜಿಯ ಪ್ರತಿಯೊಂದು ತೂತೂ ನೀರಿಗೆ ಬಾಗಿಲು. ಆದುದರಿಂದ ಅಂಗಿಯನ್ನು ಒಳಮಗ್ಗುಲು ತಿರುಗಿಸಿ, ಹೊಲಿಗೆಗಳ ಮೇಲೆಲ್ಲ ಅಂಟುಪಟ್ಟಿ ಇದೆಯೇ ಎಂದು ನೋಡಬೇಕು. ಜಿಪ್ಪಿನ ಮೇಲೆ ಮುಚ್ಚುಪಟ್ಟಿ ಇರಬೇಕು. ಟೊಪ್ಪಿಗೆಯು ತಲೆಯೊಡನೆ ತಿರುಗಬೇಕು, ಕಣ್ಣನ್ನು ಮರೆಮಾಡಬಾರದು.

ಎರಡನೆಯದು, ಬೆವರು ಹೊರಹೋಗುವ ಏರ್ಪಾಡು. ಇಲ್ಲಿ ಒಂದು ಸೂಕ್ಷ್ಮವಿದೆ. ಒಳಗಿನ ತೇವ ಹೆಚ್ಚಾಗಿದ್ದು ಹೊರಗಿನ ತೇವ ಕಡಿಮೆಯಿದ್ದಾಗ ಮಾತ್ರ ಆವಿಯು ಬಟ್ಟೆಯನ್ನು ದಾಟಿ ಸರಾಗವಾಗಿ ಹೊರಹೋಗುತ್ತದೆ. ಶೀತಲವಾದ, ಒಣಹವೆಯ ನಾಡಿನಲ್ಲಿ ಬೆಲೆಬಾಳುವ ಬಟ್ಟೆ ತನ್ನ ಗುಣವನ್ನು ಚೆನ್ನಾಗಿ ತೋರಿಸುತ್ತದೆ. ಆದರೆ ಮುಂಗಾರಿನ ಸಹ್ಯಾದ್ರಿಯಲ್ಲಿ ಹೊರಗಿನ ಗಾಳಿಯೇ ನೀರಿನಿಂದ ತುಂಬಿರುತ್ತದೆ. ಅಲ್ಲಿ ಅದರ ಪ್ರಯೋಜನ ಬಹಳ ತಗ್ಗುತ್ತದೆ. ಕಂಕುಳಲ್ಲಿ ತೆರೆದು ಮುಚ್ಚುವ ಜಿಪ್ಪುಳ್ಳ ಸಾಧಾರಣ ಅಂಗಿಯೇ ಅಲ್ಲಿ ಹೆಚ್ಚು ಹಿತ. ಗೊರಬಿನ ತೆರೆದ ಮುಂಭಾಗ ಮಾಡುತ್ತಿದ್ದ ಕೆಲಸವನ್ನೇ ಈ ಜಿಪ್ಪೂ ಮಾಡುತ್ತದೆ. ಚೀಲವನ್ನೂ ಸೇರಿಸಿ ಮುಚ್ಚುವ ಪಾಂಚೋ ಎಂಬ ಅಗಲವಾದ ಹೊದಿಕೆಯೂ ಅಗ್ಗ ಮತ್ತು ತಂಪು. ಆದರೆ ಬಿರುಗಾಳಿಗೆ ಅದು ಹಾಯಿಯಂತೆ ಹಾರಾಡುತ್ತದೆ, ಪೊದೆಗಳಿಗೆ ಸಿಕ್ಕಿಕೊಳ್ಳುತ್ತದೆ.

ಮೂರನೆಯದು ಬೆಲೆ. ೪೦೦ ರೂಪಾಯಿಯ ತೆಳುವಾದ ಅಂಗಿ ಒಂದೇ ಮಳೆಗಾಲಕ್ಕೆ ಹರಿಯಿತೆಂದಿಟ್ಟುಕೊಳ್ಳೋಣ. ಐದು ವರ್ಷಕ್ಕೆ ಐದು ಅಂಗಿಗಳು. ಖರ್ಚು ೨೦೦೦ ರೂಪಾಯಿ. ೧೫೦೦ ರೂಪಾಯಿಯ ಗಟ್ಟಿ ನೈಲಾನ್ ಅಂಗಿ ಐದು ವರ್ಷ ಬಾಳಿದರೆ ವರ್ಷಕ್ಕೆ ಬೀಳುವುದು ೩೦೦ ಮಾತ್ರ. ೧೫,೦೦೦ ರೂಪಾಯಿಯದು ಹತ್ತು ವರ್ಷ ಬಂದರೂ ವರ್ಷಕ್ಕೆ ೧೫೦೦ ಆಯಿತು. ಅಗ್ಗವೆಂದು ಕೊಂಡದ್ದು ದುಬಾರಿಯಾಗಬಹುದು. ದುಬಾರಿಯಾದುದೆಲ್ಲ ನಮಗೆ ಅವಶ್ಯವೂ ಅಲ್ಲ. ವರ್ಷಕ್ಕೊಮ್ಮೆ ಬೆಟ್ಟ ಹತ್ತುವ ವಿದ್ಯಾರ್ಥಿಗೆ ಮಧ್ಯಮ ಬೆಲೆಯ ಅಂಗಿಯೇ ತಕ್ಕುದು.

ಕೊಂಡ ಅಂಗಿ ಬಾಳುವುದು ನಮ್ಮ ಆರೈಕೆಯಿಂದ. ಒಳಗಿನ ಪಾಲಿಯುರಿಥೇನ್ ಲೇಪನವು ತೇವ ಮತ್ತು ಶಾಖದಿಂದ ಶಿಥಿಲವಾಗಿ ಸಿಪ್ಪೆಯಂತೆ ಸುಲಿಯುತ್ತದೆ. ಒದ್ದೆ ಅಂಗಿಯನ್ನು ಮಡಿಸಿಟ್ಟು ಮರೆಯುವುದೇ ಅದು ಬೇಗ ಕೆಡಲು ಮುಖ್ಯ ಕಾರಣ. ಮನೆಗೆ ಬಂದೊಡನೆ ಅದನ್ನು ನೆರಳಿನಲ್ಲಿ ಹರವಿ ಒಣಗಿಸಬೇಕು. ಕೆಸರನ್ನು ಮೃದುವಾದ ಸಾಬೂನಿನಿಂದ ತೊಳೆದು, ಸಾಬೂನು ಉಳಿಯದಂತೆ ಜಾಲಿಸಬೇಕು. ಚಿಕ್ಕ ಹರಕಿಗೆ ಆಗಲೇ ತೇಪೆ ಹಾಕಬೇಕು.

ಎಷ್ಟೇ ಒಳ್ಳೆಯ ಅಂಗಿಯಾದರೂ ಉಕ್ಕುವ ಹಳ್ಳವನ್ನು ದಾಟಿಸಲಾರದು, ಕುಸಿಯುವ ಗುಡ್ಡವನ್ನು ತಡೆಯಲಾರದು. ಮಳೆ ಮಿತಿಮೀರಿದಾಗ ಹಿಂದಿರುಗುವ ವಿವೇಕವೂ ಪ್ರವಾಸಿಯ ಜೊತೆಗಿರಬೇಕು. ಅಗತ್ಯವನ್ನು ಅರಿತು, ಪರೀಕ್ಷಿಸಿ, ಕೈಯಲ್ಲಿರುವ ಹಣಕ್ಕೆ ತಕ್ಕದ್ದನ್ನು ಕೊಂಡು, ಕೊಂಡದ್ದನ್ನು ಜೋಪಾನ ಮಾಡುವುದು ಮಳೆಯಂಗಿಗೆ ಮಾತ್ರವಲ್ಲ, ನಾವು ಬಳಸುವ ಎಲ್ಲ ವಸ್ತುಗಳಿಗೂ ಸಲ್ಲುವ ನೀತಿ.

ಅಭ್ಯಾಸ

೧. ತೊಯ್ದ ಬಟ್ಟೆಯಲ್ಲಿ ಗಾಳಿಗೆ ನಿಲ್ಲುವುದು ಏಕೆ ಅಪಾಯಕರ?
೨. ಗೊರಬು ಮತ್ತು ಕಂಬಳಿಕೊಪ್ಪೆಗಳ ಗುಣದೋಷಗಳನ್ನು ಹೋಲಿಸಿ ಬರೆಯಿರಿ.
೩. ಮುಂಗಾರಿನ ಸಹ್ಯಾದ್ರಿಯಲ್ಲಿ ಬೆಲೆಬಾಳುವ ಬಟ್ಟೆಯ ಪ್ರಯೋಜನ ತಗ್ಗುವುದೇಕೆ?
೪. 'ಅಗ್ಗವೆಂದು ಕೊಂಡದ್ದು ದುಬಾರಿಯಾಗಬಹುದು.' ಈ ಮಾತನ್ನು ಲೆಕ್ಕದ ಮೂಲಕ ಸಮರ್ಥಿಸಿರಿ.
೫. ಸ್ವಂತ ವಾಕ್ಯಗಳಲ್ಲಿ ಬಳಸಿರಿ: ಉಪೇಕ್ಷೆ, ಶಿಥಿಲ, ಜೋಪಾನ, ಎರವಾಗು.
೬. ಮಾಡಿ ನೋಡಿ: ಬಿಸಿನೀರಿನ ಲೋಟದ ಬಾಯಿಗೆ ಮಳೆಯಂಗಿಯ ಬಟ್ಟೆಯನ್ನು ಬಿಗಿದು, ಮೇಲೆ ಕನ್ನಡಿಯನ್ನು ಹಿಡಿಯಿರಿ. ಕನ್ನಡಿ ಮಸುಕಾಗುವುದೇ? ಇದರಿಂದ ಏನು ತಿಳಿಯುತ್ತದೆ?