ಚಿತ್ರ ನೋಡಿ ಪದ ಹೇಳು: ಇಂಗ್ಲಿಷ್ ಕಲಿಸುವವರಿಗೆ ಹನ್ನೆರಡು ಸೂತ್ರ

ಮಕ್ಕಳಿಗೆ ಇಂಗ್ಲಿಷ್ ಪದ ಕಲಿಸಲು ಚಿತ್ರಗಳ ಪದಬಂಧ ಒಳ್ಳೆಯದು ಎಂದು ಯಾರೋ ಹೇಳುತ್ತಾರೆ. ಅಪ್ಪ ಪೇಟೆಯಿಂದ ದಪ್ಪನೆಯ ಪುಸ್ತಕ ತರುತ್ತಾರೆ. ಮಗು ಎರಡೇ ದಿನದಲ್ಲಿ ಚೌಕಗಳನ್ನೆಲ್ಲ ತುಂಬಿಸಿ, ಚಿತ್ರಗಳಿಗೆ ಬಣ್ಣವನ್ನೂ ಬಳಿದು ಮೂಲೆಗಿಡುತ್ತದೆ. ವಾರ ಕಳೆದ ಮೇಲೆ ಅದೇ ಚಿತ್ರ ತೋರಿಸಿ ಕೇಳಿ, ಅರ್ಧಕ್ಕರ್ಧ ಪದ ಬಾಯಿಗೆ ಬರುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳಿಗೆ ಒಂದನೇ ತರಗತಿಯಿಂದಲೇ ಇಂಗ್ಲಿಷ್ ಬಂದದ್ದು 2007-08ರಲ್ಲಿ. ಮನೆಯಲ್ಲಿ ಆ ಭಾಷೆ ಕಿವಿಗೇ ಬೀಳದ ಮಕ್ಕಳಿಗೆ ಇಂಥ ಆಟದಿಂದ ಆಗುವ ಲಾಭ ದೊಡ್ಡದು. ಆದರೆ ಆಟವನ್ನು ಆರಿಸುವುದಕ್ಕೂ ಆಡಿಸುವುದಕ್ಕೂ ಒಂದು ಕ್ರಮ ಬೇಕು.

1. ಪದ ತಲೆಯೊಳಗಿಂದ ಬರಬೇಕು

ಎಲ್ಲ ಸೂತ್ರಗಳ ತಾಯಿಬೇರು ಇದೇ. ಚಿತ್ರ ನೋಡಿದ ಮಗು ಪದವನ್ನು ತನ್ನ ನೆನಪಿನಿಂದ ಎಳೆದು ತರಬೇಕು. ಅಂಗಡಿಯಲ್ಲಿ ಸಿಗುವ ಬಹುಪಾಲು ಪುಸ್ತಕಗಳು ಈ ಪರೀಕ್ಷೆಯಲ್ಲೇ ನಪಾಸಾಗುತ್ತವೆ. ಅಕ್ಷರಗಳ ರಾಶಿಯಲ್ಲಿ ಪದ ಹುಡುಕುವ ಆಟವನ್ನೇ ನೋಡಿ: ಪಕ್ಕದಲ್ಲಿ ಹತ್ತು ಪದಗಳ ಪಟ್ಟಿ ಇರುತ್ತದೆ, ಮಗು ಅದನ್ನು ನೋಡಿಕೊಂಡು ರಾಶಿಯಲ್ಲಿ ಗೆರೆ ಎಳೆಯುತ್ತದೆ. ಅರ್ಥ ಗೊತ್ತಿಲ್ಲದೆಯೂ ಪೂರಾ ಅಂಕ! ಇದು ಕಣ್ಣಿಗೆ ವ್ಯಾಯಾಮ, ಅಷ್ಟೇ. ಪಟ್ಟಿಯನ್ನು ಕತ್ತರಿಸಿ ಎಸೆದು ಆ ಜಾಗದಲ್ಲಿ ಹತ್ತು ಚಿತ್ರ ಅಂಟಿಸಿ, ಅದೇ ಹಾಳೆ ನಿಜವಾದ ಪಾಠವಾಗುತ್ತದೆ.

ಅಮೆರಿಕದ ಮನಶ್ಶಾಸ್ತ್ರಜ್ಞರಾದ ಜೆಫ್ರಿ ಕಾರ್ಪಿಕೆ ಮತ್ತು ಹೆನ್ರಿ ರೋಡಿಗರ್ 2008ರಲ್ಲಿ ಪ್ರಕಟಿಸಿದ ಪ್ರಯೋಗವೊಂದಿದೆ. ಕಾಲೇಜು ವಿದ್ಯಾರ್ಥಿಗಳಿಗೆ 40 ಸ್ವಾಹಿಲಿ ಪದಗಳನ್ನು ಇಂಗ್ಲಿಷ್ ಅರ್ಥದೊಂದಿಗೆ ಕಲಿಸಿದರು. ಒಮ್ಮೆ ಸರಿಯಾಗಿ ಹೇಳಿದ ಪದವನ್ನೂ ಕೆಲವರನ್ನು ಮತ್ತೆ ಮತ್ತೆ ಕೇಳಿದರು, ಕೆಲವರಿಗೆ ಮತ್ತೆ ಮತ್ತೆ ಓದಲು ಮಾತ್ರ ಕೊಟ್ಟರು. ವಾರದ ನಂತರ ಮತ್ತೆ ಮತ್ತೆ ಉತ್ತರ ಹೇಳಿದವರಿಗೆ ಸುಮಾರು ಶೇ. 80ರಷ್ಟು ಪದ ನೆನಪಿತ್ತು, ಓದಿಕೊಂಡವರಿಗೆ ಮೂರನೇ ಒಂದರಷ್ಟು. ಅಲ್ಲಿದ್ದವರು ದೊಡ್ಡವರು, ನಿಜ. ಆದರೂ ಹತ್ತು ಸಲ ಬರೆಸಿ ಕೈ ನೋಯಿಸುವ ನಮ್ಮ ಕಾಪಿ ಪದ್ಧತಿಯ ಬಗ್ಗೆ ಒಮ್ಮೆ ಯೋಚಿಸುವಂತೆ ಮಾಡುವ ಅಂಕಿ ಇದು.

2. ಮಗುವಿಗೆ ಗೊತ್ತಿರುವ ಇಂಗ್ಲಿಷಿನಿಂದ ಹೊರಡಿ

ಮಗುವಿಗೆ ಇಂಗ್ಲಿಷೇ ಬರುವುದಿಲ್ಲ ಎನ್ನುವವರು ಅದರ ಮಾತನ್ನು ಒಂದು ಗಂಟೆ ಕಿವಿಗೊಟ್ಟು ಕೇಳಲಿ. ಬಸ್ಸು, ಲೈಟು, ಫ್ಯಾನು, ಬಕೆಟ್ಟು, ಮಗ್ಗು, ಸೋಪು, ಬ್ರಷ್ಷು, ಪೈಪು, ಟ್ಯಾಂಕು, ಬಾಲು, ಬ್ಯಾಟು, ಟಿಕೆಟ್ಟು. ರೈತರ ಮನೆಯ ಮಗುವಾದರೆ ಮೋಟರು, ಪಂಪು, ಸ್ಟಾರ್ಟರು, ಟ್ರ್ಯಾಕ್ಟರು ಕೂಡ. ಅರ್ಥವೂ ಗೊತ್ತು, ಉಚ್ಚಾರವೂ ಹೆಚ್ಚುಕಡಿಮೆ ಗೊತ್ತು. ಗೊತ್ತಿಲ್ಲದ್ದು ಕಾಗುಣಿತ ಒಂದೇ. ಮೊದಲ ತಿಂಗಳ ಪದಬಂಧಗಳನ್ನೆಲ್ಲ ಈ ಪದಗಳಿಂದಲೇ ಕಟ್ಟಿ. ಕೊನೆಗೆ ಅಂಟಿಕೊಂಡ ನಮ್ಮ ಉಕಾರವನ್ನು ಚೌಕಗಳೇ ಉದುರಿಸುತ್ತವೆ. ಬಸ್ಸಿನ ಚಿತ್ರದ ಮುಂದೆ ಮೂರೇ ಮನೆ ಇದ್ದಾಗ ಮಗು ಬಿ-ಯು-ಎಸ್ ಬರೆದು ಅಲ್ಲಿಗೇ ನಿಲ್ಲಬೇಕಾಗುತ್ತದೆ. ಬೈಯಬೇಕಾದ ಪ್ರಮೇಯವೇ ಇಲ್ಲ.

3. ಯಾಕ್, ಇಗ್ಲೂಗಳಿಗೆ ರಜೆ ಕೊಡಿ

ಗೋಡೆಗೆ ನೇತುಹಾಕುವ ಅಕ್ಷರಮಾಲೆಯ ಚಾರ್ಟಿನಲ್ಲಿ ಐಗೆ ಇಗ್ಲೂ ಅಥವಾ ಇಂಕ್‌ಪಾಟ್, ವೈಗೆ ಯಾಕ್, ಎಕ್ಸ್‌ಗೆ ಕ್ಸೈಲೋಫೋನ್. ಮಂಜಿನ ಮನೆಯನ್ನಾಗಲಿ ಮಸಿಕುಡಿಕೆಯನ್ನಾಗಲಿ ನಮ್ಮ ಮಕ್ಕಳು ಎಲ್ಲಿ ನೋಡಬೇಕು? ಚಿತ್ರವೇ ಅಪರಿಚಿತವಾದರೆ ಹೊಸ ಪದ ಕಲಿಸಲು ಹೋಗಿ ಮೊದಲು ಚಿತ್ರವನ್ನು ಕಲಿಸಬೇಕಾಗುತ್ತದೆ. ಎಕ್ಸ್ ಅಕ್ಷರ ಪದದ ಮೊದಲಲ್ಲೇ ಬರಬೇಕೆಂಬ ನಿಯಮವೇನಿಲ್ಲ. ಬಾಕ್ಸ್, ಫಾಕ್ಸ್, ಆಕ್ಸ್ ಸಾಕು.

4. ಒಂದು ಚಿತ್ರಕ್ಕೆ ಒಂದೇ ಉತ್ತರ

ಕೋಳಿಯ ಚಿತ್ರ ಬರೆದಿದ್ದೀರಿ. ಉತ್ತರ ಹೆನ್ನೋ, ಕಾಕ್ಕೋ, ಚಿಕನ್ನೋ, ಬರ್ಡೋ? ದೋಣಿ ಬೋಟೋ, ಶಿಪ್ಪೋ? ಮಗು ಸರಿಯಾದ ಪದವನ್ನೇ ಹೇಳಿದರೂ ಚೌಕ ಒಪ್ಪದಿದ್ದರೆ ಅದಕ್ಕೆ ಆಟವೇ ಬೇಸರ. ಚಿತ್ರವನ್ನು ಮೊದಲು ಪಕ್ಕದ ಮನೆಯ ಹುಡುಗನಿಗೆ ತೋರಿಸಿ, ಅವನು ತಡವರಿಸಿದರೆ ಬದಲಿಸಿ. ಬದಲಿಸಲು ಮನಸ್ಸಿಲ್ಲವೇ, ಒಂದಕ್ಷರ ಮೊದಲೇ ತುಂಬಿಸಿಕೊಡಿ. ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರಂದು ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ಮೊದಲ ಪದಬಂಧ ಅಚ್ಚುಹಾಕಿದಾಗ ಒಂದು ಪದವನ್ನು ತಾನೇ ತುಂಬಿಸಿಕೊಟ್ಟಿದ್ದ. ಪತ್ರಿಕೆ ಓದುವ ದೊಡ್ಡವರಿಗೇ ಕೈಹಿಡಿಯುವ ಆಸರೆ ಬೇಕಿತ್ತು ಎಂದರೆ ಏಳು ವರ್ಷದ ಮಗುವಿಗೆ ಬೇಡವೇ?

5. ಯಾವ ಅಕ್ಷರ ಬಿಡುತ್ತೀರಿ ಎಂಬುದೇ ಪಾಠ

ಬಿಟ್ಟ ಅಕ್ಷರ ತುಂಬಿಸುವ ಆಟದಲ್ಲಿ ಕಣ್ಣುಮುಚ್ಚಿ ಯಾವುದೋ ಅಕ್ಷರ ಅಳಿಸುವವರೇ ಹೆಚ್ಚು. ಮಗು ತಪ್ಪುವ ಜಾಗದಲ್ಲೇ ಗುಂಡಿ ತೋಡಿ. ಸಿ, ಖಾಲಿ ಮನೆ, ಟಿ ಎಂದು ಮೂರು ಸಲ ಬರೆದು ಒಂದರ ಪಕ್ಕ ಬೆಕ್ಕು, ಇನ್ನೊಂದರ ಪಕ್ಕ ಮಂಚ, ಮತ್ತೊಂದರ ಪಕ್ಕ ಬಟ್ಟೆ ಕತ್ತರಿಸುವ ಕೈ ಬರೆಯಿರಿ. ಕ್ಯಾಟ್, ಕಾಟ್, ಕಟ್: ಸ್ವರ ಬದಲಾದರೆ ವಸ್ತುವೇ ಬದಲಾಗುತ್ತದೆ ಎಂಬುದು ವಿವರಣೆಯಿಲ್ಲದೆ ತಿಳಿಯುತ್ತದೆ. ಪಿ ಮತ್ತು ಎನ್ ನಡುವೆಯೂ ಹೀಗೇ ಪ್ಯಾನ್, ಪೆನ್, ಪಿನ್ ಸಿಗುತ್ತವೆ. ಎಚ್ ಮತ್ತು ಟಿ ನಡುವೆ ಹ್ಯಾಟ್, ಹಾಟ್, ಹಟ್, ಹಿಟ್, ಒಟ್ಟು ನಾಲ್ಕು!

ಉಚ್ಚಾರದಲ್ಲಿ ಕೇಳಿಸದ ಅಕ್ಷರಗಳು ಎರಡನೇ ಹಂತಕ್ಕೆ. ನೈಫ್ ಪದದ ಮೊದಲ ಕೆ, ಕೋಂಬ್ ಮತ್ತು ಥಂಬ್ ಪದಗಳ ಕೊನೆಯ ಬಿ. ಹೇಳಿದಂತೆ ಬರೆಯುವ, ಬರೆದಂತೆ ಓದುವ ಭಾಷೆಯಿಂದ ಬಂದ ಮಗುವಿಗೆ ಇವು ಅನ್ಯಾಯವಾಗಿಯೇ ಕಾಣುತ್ತವೆ. ಹೌದು, ಅನ್ಯಾಯವೇ ಎಂದು ಒಪ್ಪಿಕೊಂಡು ಮುಂದೆ ಹೋಗಿ.

6. ಚೌಕದ ಲೆಕ್ಕ ಮೊದಲೇ ಹೇಳಿಕೊಡಿ

ಮನೆಯಲ್ಲಿ ಕನ್ನಡ ಪತ್ರಿಕೆಯ ಪದಬಂಧ ನೋಡಿ ಬೆಳೆದ ಮಗುವಿಗೆ ಇಲ್ಲೊಂದು ಗೊಂದಲವಿದೆ. ಕನ್ನಡದ ಚೌಕ ಗುಣಿತ, ಒತ್ತು ಎಲ್ಲವನ್ನೂ ಒಳಗೊಳ್ಳುತ್ತದೆ. ‘ಬೆಕ್ಕು’ ಎರಡೇ ಮನೆಯಲ್ಲಿ ಮುಗಿಯುತ್ತದೆ, ‘ಶಾಲೆ’ಯೂ ಅಷ್ಟೇ. ಇಂಗ್ಲಿಷಿನ ಕ್ಯಾಟ್‌ಗೆ ಮೂರು ಮನೆ ಬೇಕು, ಸ್ಕೂಲಿಗೆ ಆರು. ಮೊದಲ ದಿನ ಇದನ್ನು ಬೆರಳು ಮಡಿಸಿ ತೋರಿಸಿದರೆ ಮುಂದಿನ ಎಷ್ಟೋ ಕಣ್ಣೀರು ಉಳಿಯುತ್ತದೆ.

ಪದಬಂಧ ಕಟ್ಟಲು ಕಂಪ್ಯೂಟರ್ ಬೇಡ, ಲೆಕ್ಕದ ಚೌಕುಳಿ ನೋಟ್‌ಬುಕ್ ಇದ್ದರೆ ಆಯಿತು. ಉದ್ದದ ಪದವೊಂದನ್ನು ಅಡ್ಡಕ್ಕೆ ಬರೆಯಿರಿ, ಉದಾಹರಣೆಗೆ ಎಲಿಫೆಂಟ್: ಇ-ಎಲ್-ಇ-ಪಿ-ಎಚ್-ಎ-ಎನ್-ಟಿ. ಎರಡನೇ ಅಕ್ಷರದಿಂದ ಕೆಳಕ್ಕೆ ಲೆಗ್, ನಾಲ್ಕನೆಯದರಿಂದ ಪಾಟ್, ಆರನೆಯದರಿಂದ ಆ್ಯಂಟ್, ಎಂಟನೆಯದರಿಂದ ಟ್ಯಾಪ್. ಒಂದರ ಮೈ ಇನ್ನೊಂದಕ್ಕೆ ತಾಗುವುದಿಲ್ಲ. ಆನೆ, ಕಾಲು, ಮಡಕೆ, ಇರುವೆ, ನಲ್ಲಿಯ ಚಿತ್ರ ಹಚ್ಚಿದರೆ ಐದು ನಿಮಿಷದಲ್ಲಿ ಪದಬಂಧ ಸಿದ್ಧ. ಅಕ್ಷರಗಳನ್ನು ಮಾತ್ರ ಸಣ್ಣ ಲಿಪಿಯಲ್ಲೇ ಬರೆಸಿ. ಅಚ್ಚಾದ ಪದಬಂಧಗಳು ದೊಡ್ಡಕ್ಷರದಲ್ಲಿರುತ್ತವೆ, ಮಗು ಓದಬೇಕಾದ ಪಾಠ ಸಣ್ಣಕ್ಷರದಲ್ಲಿರುತ್ತದೆ.

7. ಹಣ್ಣುಗಳನ್ನೆಲ್ಲ ಒಂದೇ ಬುಟ್ಟಿಗೆ ಸುರಿಯಬೇಡಿ

ಒಂದು ಹಾಳೆ ಪೂರ್ತಿ ಹಣ್ಣು, ಇನ್ನೊಂದು ಪೂರ್ತಿ ಪ್ರಾಣಿ, ಮತ್ತೊಂದು ಪೂರ್ತಿ ಬಟ್ಟೆಬರೆ. ನೋಡಲು ಅಚ್ಚುಕಟ್ಟು, ಕಲಿಯಲು ಕಷ್ಟ. ಹೀಗೆ ಒಂದೇ ಗುಂಪಿನ ಹೊಸ ಪದಗಳನ್ನು ಒಟ್ಟಿಗೆ ಕೊಟ್ಟರೆ ಒಂದಕ್ಕೊಂದು ಕಲೆಸಿಹೋಗಿ ಕಲಿಕೆ ನಿಧಾನವಾಗುತ್ತದೆ ಎಂದು ಸಂಶೋಧಕ ಥಾಮಸ್ ಟಿಂಕಮ್ 1993ರಲ್ಲೇ ತೋರಿಸಿದರು. ಒಂದು ಸನ್ನಿವೇಶದಲ್ಲಿ ಒಟ್ಟಿಗೆ ಸಿಗುವ ಪದಗಳು ಸುಲಭ ಎಂಬುದು ಅವರ ಮುಂದಿನ ಅಧ್ಯಯನದಲ್ಲಿ ಕಂಡಿತು. ಅಂದರೆ ಹಣ್ಣಿನ ಚಾರ್ಟಿಗಿಂತ ವಾರದ ಸಂತೆಯ ಚಿತ್ರ ಮೇಲು. ಅದರಲ್ಲಿ ಈರುಳ್ಳಿ ಇದೆ, ಚೀಲ ಇದೆ, ತಕ್ಕಡಿ ಇದೆ, ಕೊಡೆ, ನೋಟು, ಅಜ್ಜಿ, ಬಾಲ ಅಲ್ಲಾಡಿಸುವ ಹಸು, ಎಲ್ಲವೂ ಇವೆ.

ಆ ಚಿತ್ರದ ಒಂದೊಂದು ವಸ್ತುವಿಗೂ ಅಂಕಿ ಹಾಕಿ, ಅದೇ ಅಂಕಿಯ ಚೌಕಗಳನ್ನು ಕೆಳಗೆ ಬರೆಯಿರಿ. ಇದೇನೂ ಹೊಸ ಉಪಾಯವಲ್ಲ. ಮೊರಾವಿಯಾದ ಶಿಕ್ಷಕ ಕೊಮೆನಿಯಸ್ 1658ರಲ್ಲಿ ಮಕ್ಕಳಿಗೆಂದು ಲ್ಯಾಟಿನ್ ಮತ್ತು ಜರ್ಮನ್ ಭಾಷೆಗಳ ಸಚಿತ್ರ ಪುಸ್ತಕ ತಂದಾಗ ಮಾಡಿದ್ದೂ ಇದನ್ನೇ: ಚಿತ್ರದಲ್ಲಿ ಅಂಕಿ, ಪಾಠದಲ್ಲಿ ಅದೇ ಅಂಕಿಯ ಪದ.

ಕಲಿತಾದ ಮೇಲೆ ಗುಂಪು ಮಾಡಿ ಆಡಿಸುವುದಕ್ಕೆ ಅಡ್ಡಿಯಿಲ್ಲ. ಹೊಸದನ್ನು ಕಲಿಸುವಾಗ ಮಾತ್ರ ಎಚ್ಚರ.

8. ಚಿತ್ರಕ್ಕೆ ಸಿಗದ ಪದಗಳೂ ಇವೆ

ಚಿತ್ರಪುಸ್ತಕ ಓದಿದ ಮಗುವಿಗೆ ನಾಮಪದಗಳು ರಾಶಿ ಗೊತ್ತಿರುತ್ತವೆ, ವಾಕ್ಯ ಒಂದೂ ಬರುವುದಿಲ್ಲ. ಇದಕ್ಕೆ ಕಾರಣ ಸರಳ. ಭಾಷಾತಜ್ಞ ಸಿ. ಕೆ. ಆಗ್ಡೆನ್ 1930ರಲ್ಲಿ ಸರಳ ಇಂಗ್ಲಿಷಿಗೆಂದು 850 ಪದಗಳ ಪಟ್ಟಿ ಮಾಡಿದರು. ಅದರಲ್ಲಿ ಚಿತ್ರ ಬರೆದು ತೋರಿಸಬಹುದಾದ ವಸ್ತುಗಳೆಂದು ಅವರು ಬೇರೆಮಾಡಿದ್ದು 200 ಮಾತ್ರ. ಮಿಕ್ಕ ಪದಗಳಿಗೆ ಸ್ವಲ್ಪ ಜಾಣತನ ಬೇಕು. ಕ್ರಿಯೆಗೆ ಒಂದರ ಪಕ್ಕ ಒಂದು ಎರಡು ಚಿತ್ರ ಬರೆಯಿರಿ: ಹುಡುಗಿ ಗೋಡೆಯ ಈಚೆ, ಹುಡುಗಿ ಗೋಡೆಯ ಆಚೆ, ಉತ್ತರ ಜಂಪ್. ಗುಣವಾಚಕಕ್ಕೆ ಜೋಡಿ: ತುಂಬಿದ ಕೊಡ, ಖಾಲಿ ಕೊಡ. ಆನ್, ಅಂಡರ್, ಬಿಹೈಂಡ್‌ಗಳಿಗೆ ಒಂದು ಬೆಕ್ಕು, ಒಂದು ಮಂಚ ಸಾಕು. ಬೆಕ್ಕನ್ನು ಸುತ್ತಮುತ್ತ ಓಡಿಸುತ್ತಿರಿ. ಪ್ರೀತಿ, ನಾಳೆ, ಆದರೆ ಇಂಥವುಗಳಿಗೆ ಚಿತ್ರ ಹುಡುಕಿ ಸುಸ್ತಾಗಬೇಡಿ, ಅವು ಕತೆಯಲ್ಲಿ ಬರಲಿ.

9. ಎರಡು ಚಿತ್ರ ಕೂಡಿಸಿ

ಮಕ್ಕಳು ಅತಿ ಹೆಚ್ಚು ಕೇಕೆ ಹಾಕುವುದು ಇಲ್ಲಿ. ಮಳೆಯ ಚಿತ್ರಕ್ಕೆ ಬಿಲ್ಲು ಕೂಡಿಸಿದರೆ ರೇನ್‌ಬೋ. ಹಲ್ಲಿಗೆ ಕುಂಚ ಕೂಡಿಸಿದರೆ ಟೂತ್‌ಬ್ರಷ್. ಬೆಣ್ಣೆಗೆ ನೊಣ ಕೂಡಿಸಿದರೆ ಬಟರ್‌ಫ್ಲೈ, ಚಿಟ್ಟೆಗೂ ಬೆಣ್ಣೆಗೂ ಏನು ನಂಟು ಎಂದು ಮಗು ಕೇಳದೆ ಬಿಡುವುದಿಲ್ಲ.

ಐದನೇ ತರಗತಿ ದಾಟಿದವರಿಗೆ ಪದದ ಏಣಿ ಕೊಡಿ. ‘ಆಲಿಸ್’ ಕತೆ ಬರೆದ ಲೂಯಿಸ್ ಕ್ಯಾರಲ್ 1877ರಲ್ಲಿ ಹುಟ್ಟುಹಾಕಿದ ಆಟವಿದು: ಒಮ್ಮೆಗೆ ಒಂದೇ ಅಕ್ಷರ ಬದಲಿಸುತ್ತ ಒಂದು ಪದದಿಂದ ಇನ್ನೊಂದಕ್ಕೆ ಹೋಗಬೇಕು. ಕ್ಯಾಟ್, ಕಾಟ್, ಡಾಟ್, ಡಾಗ್. ಬೆಕ್ಕು ನಾಲ್ಕನೇ ಮೆಟ್ಟಿಲಿಗೆ ನಾಯಿಯಾಗುತ್ತದೆ. ಮೆಟ್ಟಿಲಿಗೊಂದು ಚಿತ್ರ ಬರೆಯಿರಿ, ಪದಗಳ ಜಾಗ ಖಾಲಿ ಬಿಡಿ.

10. ಬಾಯಿ ಮುಚ್ಚಿ ಆಡುವ ಆಟ ಬೇಡ

ಚೌಕ ತುಂಬಿದ ತಕ್ಷಣ ಪದವನ್ನು ಗಟ್ಟಿಯಾಗಿ ಹೇಳಬೇಕು, ಆ ಪದ ಬಳಸಿ ಒಂದು ವಾಕ್ಯವನ್ನೂ ಹೇಳಬೇಕು. ಮೊದಮೊದಲು ‘ಕ್ಯಾಟ್ ಮಂಚದ ಅಂಡರ್ ಇದೆ’ ಎಂದರೂ ನಗಬೇಡಿ. ತಿದ್ದುವ ಬದಲು ಪೂರಾ ಇಂಗ್ಲಿಷ್ ವಾಕ್ಯವನ್ನು ನೀವೇ ಒಮ್ಮೆ ಹೇಳಿ. ಇಬ್ಬರಿಗೆ ಒಂದು ಹಾಳೆ, ಒಂದೇ ಪೆನ್ಸಿಲ್ ಕೊಟ್ಟರೆ ಮಾತು ತಾನಾಗಿಯೇ ಹುಟ್ಟುತ್ತದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಶುರುವಾದ ನಲಿ-ಕಲಿ ಪದ್ಧತಿಯನ್ನು ತರಗತಿಯಲ್ಲಿ ನಡೆಸಿದ ಶಿಕ್ಷಕರಿಗೆ ಇದನ್ನು ಹೊಸದಾಗಿ ಹೇಳಬೇಕಿಲ್ಲ. ಕಾರ್ಡು ಹಿಡಿದು ಗೆಳೆಯನಿಂದ ಕಲಿಯುವ ಮಕ್ಕಳನ್ನು ಅವರು ದಿನವೂ ನೋಡುತ್ತಾರೆ.

ಮೊಬೈಲ್ ಆಟಗಳ ಕೊರತೆಯೂ ಇದೇ. ನಾಲ್ಕು ಆಯ್ಕೆ ತೋರಿಸಿ ಒಂದನ್ನು ಒತ್ತಿಸುತ್ತವೆ. ಬಾಯಿಗೂ ಕೆಲಸವಿಲ್ಲ, ನೆನಪಿಗೂ ಅಷ್ಟಕ್ಕಷ್ಟೆ.

11. ಬಿಡಿಸಿದ ಚಿತ್ರವನ್ನು ಡಬ್ಬಕ್ಕೆ ಹಾಕಿ

ಬಿಡಿಸಿ ಮುಗಿದ ಹಾಳೆಯ ಚಿತ್ರಗಳನ್ನು ಕತ್ತರಿಸಿ ರಟ್ಟಿಗೆ ಅಂಟಿಸಿ, ಹಿಂದೆ ಪದ ಬರೆಯಿರಿ. ಹಳೆಯ ಶೂ ಡಬ್ಬದಲ್ಲಿ ಮೂರು ಖಾನೆ ಮಾಡಿ. ಹೊಸ ಚಿತ್ರಗಳು ಮೊದಲ ಖಾನೆಗೆ, ಅವನ್ನು ದಿನವೂ ಕೇಳಿ. ಸರಿ ಹೇಳಿದ್ದು ಎರಡನೆಯದಕ್ಕೆ, ಅದು ಮೂರು ದಿನಕ್ಕೊಮ್ಮೆ. ಅಲ್ಲೂ ಗೆದ್ದದ್ದು ಮೂರನೆಯದಕ್ಕೆ, ವಾರಕ್ಕೊಮ್ಮೆ. ತಪ್ಪಿದ ಕಾರ್ಡು ಎಲ್ಲಿಯೇ ಇರಲಿ, ಮೊದಲ ಖಾನೆಗೆ ವಾಪಸ್. ಸೆಬಾಸ್ಟಿಯನ್ ಲೈಟ್ನರ್ 1972ರಲ್ಲಿ ತಮ್ಮ ಜರ್ಮನ್ ಪುಸ್ತಕದಲ್ಲಿ ಹೇಳಿದ ಡಬ್ಬದ ಚಿಕ್ಕ ರೂಪ ಇದು. ದಿನಕ್ಕೆ ಹತ್ತು ನಿಮಿಷ ಸಾಕು. ಮಗು ಇನ್ನೂ ಬೇಕು ಎನ್ನುವಾಗಲೇ ಮುಚ್ಚಳ ಹಾಕಿ.

12. ಮಗುವೇ ಪದಬಂಧ ಮಾಡಲಿ

ಇಪ್ಪತ್ತು ಮೂವತ್ತು ಪದ ಕೈವಶವಾದ ಮೇಲೆ ಪಾತ್ರ ಅದಲುಬದಲು ಮಾಡಿ: ಮಗು ಕಟ್ಟುತ್ತದೆ, ನೀವು ಬಿಡಿಸುತ್ತೀರಿ. ಬಿಡಿಸುವುದಕ್ಕಿಂತ ಕಟ್ಟುವುದರಲ್ಲೇ ಕಾಗುಣಿತದ ಕಸರತ್ತು ಹೆಚ್ಚು. ಒಂದಕ್ಷರ ತಪ್ಪಿದರೂ ಅಡ್ಡಸಾಲು, ಉದ್ದಸಾಲು ಸೇರುವುದಿಲ್ಲ, ಮಗು ತಾನೇ ನಿಘಂಟು ತೆಗೆಯುತ್ತದೆ. ತರಗತಿಯಲ್ಲಾದರೆ ಒಂದು ಬೆಂಚಿನವರು ಮಾಡಿದ್ದನ್ನು ಇನ್ನೊಂದು ಬೆಂಚಿಗೆ ಕೊಡಿ. ಶನಿವಾರದ ಕೊನೆಯ ಪೀರಿಯಡ್ಡಿಗೆ ಇದಕ್ಕಿಂತ ಒಳ್ಳೆಯ ಕೆಲಸವಿಲ್ಲ. ಉತ್ತರಗಳನ್ನು ಹಾಳೆಯ ಹಿಂಬದಿಗೆ ಮರೆಯದೆ ಬರೆಸಿ. ಮಕ್ಕಳು ಬರೆದ ನಾಯಿಗೂ ಮೇಕೆಗೂ ವ್ಯತ್ಯಾಸ ಅವರಿಗೆ ಮಾತ್ರ ಗೊತ್ತಿರುತ್ತದೆ.